1098ಕ್ಕೆ ಕರೆ ಮಾಡಿದ ಮೇಲೆ ಏನಾಗುತ್ತೆ?

ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಅಪ್ಪ-ಅಮ್ಮನ ಜೊತೆ ಕೆಲಸಕ್ಕೆ ನಿಂತ ಹುಡುಗಿ. ಒಂಬತ್ತನೇ ಕ್ಲಾಸಿಗೆ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದವಳು, ವಿಚಾರಿಸಿದರೆ ಗಂಡು ಗೊತ್ತಾಗಿದೆಯಂತೆ. ದಾವಣಗೆರೆಯಲ್ಲಿ ಇಂಥ ಮಕ್ಕಳನ್ನು ಕಾಣದವರು ಕಡಿಮೆ. ಮಕ್ಕಳ ಸಹಾಯವಾಣಿಯ 1098 ನಂಬರ್ ಕೂಡ ಹೆಚ್ಚಿನವರಿಗೆ ಗೊತ್ತು. ಶಾಲೆ ಗೋಡೆ ಮೇಲೇ ಬರೆದಿರುತ್ತದೆ. ಆದರೂ ಫೋನ್ ಮಾಡುವವರು ಕಡಿಮೆ. ‘ನಮ್ಮ ಹೆಸರು ಹೊರಗೆ ಬಂದರೆ?’, ‘ಸ್ಟೇಷನ್ನಿಗೆ ಅಲೆಸಿದರೆ?’, ‘ನಾಳೆ ಅವರ ಮುಖ ನೋಡೋದು ಬೇಡವಾ?’ ಎಂಬ ಅಂಜಿಕೆ. ಕರೆ ಮಾಡಿದ ಮೇಲೆ ಏನೇನು ನಡೆಯುತ್ತದೆ ಎಂದು ತಿಳಿದರೆ ಈ ಅಂಜಿಕೆ ಅರ್ಧ ಇಳಿಯುತ್ತದೆ. ಹಾಗಾಗಿ ಒಂದೊಂದೇ ಹಂತ ನೋಡೋಣ.

ಮೊದಲು: ಸಾಕ್ಷಿ ಹುಡುಕಲು ಹೋಗಬೇಡಿ

ಅನುಮಾನ ಬಂದರೆ ಸಾಕು, ತಿಳಿಸಬಹುದು. ನಿಜವೋ ಸುಳ್ಳೋ ಪತ್ತೆ ಮಾಡುವುದು ನಿಮ್ಮ ಕೆಲಸವಲ್ಲ. ಲೈಂಗಿಕ ದೌರ್ಜನ್ಯವಾದರೆ, ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯೊಂದರ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ, ಆಮೇಲೆ ಅನುಮಾನ ತಪ್ಪಾಗಿದ್ದರೂ, ಕೇಸು ಹಾಕಲು ಬರುವುದಿಲ್ಲ.

ರೈಲ್ವೆ ಸ್ಟೇಷನ್ನಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಂಟಿ ಮಗು ಸಿಕ್ಕರೂ ಹೀಗೇ. 24 ಗಂಟೆಯೊಳಗೆ ತಿಳಿಸಬೇಕು. ‘ಪಾಪ, ನಾವೇ ಸಾಕ್ತೀವಿ’ ಎಂದು ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ಮಕ್ಕಳಿಲ್ಲದ ನೆಂಟರಿಗೆ ಕೊಡುವುದಂತೂ ಅಪರಾಧ.

ಮಗು ನಿಮ್ಮ ಹತ್ತಿರವೇ ಹೇಳಿಕೊಂಡರೆ

ಹೆಚ್ಚು ಕೆಡುವುದು ಈ ಹಂತದಲ್ಲೇ. ಮಗು ಪೊಲೀಸರ ಹತ್ತಿರ ಮೊದಲು ಹೋಗುವುದಿಲ್ಲ. ಟೀಚರ್ ಹತ್ತಿರ, ಅಂಗನವಾಡಿ ಅಕ್ಕನ ಹತ್ತಿರ, ಅಜ್ಜಿ ಹತ್ತಿರ ಹೇಳುತ್ತದೆ. ಅದೂ ನೇರವಾಗಿ ಹೇಳುವುದಿಲ್ಲ. ‘ನಂಗೆ ಆ ಮಾಮನ ಮನೆಗೆ ಹೋಗೋದು ಬ್ಯಾಡ’ ಅನ್ನುತ್ತದೆ, ನಿಮ್ಮ ಮುಖ ನೋಡುತ್ತದೆ. ಆಗ ಗಾಬರಿ ಬೀಳಬೇಡಿ, ಬೈಯಬೇಡಿ. ‘ಹೇಳಿದ್ದು ಚಲೋ ಆತವ್ವ, ನಿಂದೇನೂ ತಪ್ಪಿಲ್ಲ’ ಎಂಬ ಮಾತು ಆ ಹೊತ್ತಿಗೆ ಸಾಕು.

‘ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?’, ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದರೆ ಮಗು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತದೆ. ‘ಅವನು ಇಲ್ಲಿ ಮುಟ್ಟಿದನಾ, ಅಲ್ಲಿ ಮುಟ್ಟಿದನಾ?’ ಎಂದು ಉತ್ತರವನ್ನು ನೀವೇ ಬಾಯಿಗೆ ಹಾಕಿದರೆ ನಾಳೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ‘ಆಮೇಲೆ ಏನಾಯ್ತು?’ ಅಷ್ಟು ಕೇಳಿ. ಅಕ್ಕಪಕ್ಕದವರನ್ನು ಕರೆದು ಮತ್ತೆ ಮತ್ತೆ ಹೇಳಿಸಬೇಡಿ. ಮೊಬೈಲಿನಲ್ಲಿ ವಿಡಿಯೋ ಅಂತೂ ಬೇಡವೇ ಬೇಡ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದು, ತಾರೀಕು, ಸಮಯ ಹಾಕಿಡಿ.

‘ಯಾರಿಗೂ ಹೇಳಲ್ಲ’ ಎಂದು ಆಣೆ ಇಡಬೇಡಿ. ಉಳಿಸಿಕೊಳ್ಳಲು ಆಗದ ಮಾತು ಅದು. ‘ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಎನ್ನಿ. ತಪ್ಪು ಮಾಡಿದವನ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆಯುವುದೂ ಬೇಡ. ಇಂಥ ಪ್ರಕರಣಗಳಲ್ಲಿ ಅವನು ಬಹುತೇಕ ಮಗುವಿಗೆ ಗೊತ್ತಿರುವವನೇ ಆಗಿರುತ್ತಾನೆ. ಕೆಲವೊಮ್ಮೆ ಅದೇ ಮನೆಯವನು. ಸುಳಿವು ಸಿಕ್ಕರೆ ಮೊದಲು ಏಟು ಬೀಳುವುದು ಮಗುವಿಗೆ.

ತಡ ಮಾಡಬಾರದ ಒಂದು ಸಂದರ್ಭ

ದೌರ್ಜನ್ಯ ಈಗಷ್ಟೇ ನಡೆದಿದ್ದರೆ ಆಸ್ಪತ್ರೆ ಮೊದಲು. ಮಗುವಿಗೆ ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ದಾವಣಗೆರೆಯಲ್ಲಾದರೆ ಜಿಲ್ಲಾ ಚಿಗಟೇರಿ ಆಸ್ಪತ್ರೆ ಇದೆ. ಖಾಸಗಿ ಆಸ್ಪತ್ರೆಯೂ ಹಣ ಕೇಳದೆ ಚಿಕಿತ್ಸೆ ಕೊಡಬೇಕು. ‘ಮೊದಲು ಪೊಲೀಸರ ಪತ್ರ ತನ್ನಿ’ ಎಂದು ವಾಪಸ್ ಕಳಿಸುವಂತಿಲ್ಲ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತಾಯಿಯೋ, ಮಗು ನಂಬುವ ಇನ್ನೊಬ್ಬರೋ ಪಕ್ಕದಲ್ಲಿರಬೇಕು.

ಈಗ ಕರೆ

ಹತ್ತು, ಒಂಬತ್ತು, ಎಂಟು. ದುಡ್ಡು ಬೀಳುವುದಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಹಿಂದೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ಈ ಸಹಾಯವಾಣಿ 2023ರಿಂದ ಸರ್ಕಾರದ ಕೈಯಲ್ಲಿದೆ. ಪೊಲೀಸರ 112ಕ್ಕೂ ಜೋಡಿಸಿದ್ದಾರೆ. ಮಗುವಿನ ಜೀವಕ್ಕೆ ಆ ಕ್ಷಣಕ್ಕೇ ಅಪಾಯವಿದ್ದರೆ ನೇರವಾಗಿ 112 ಒತ್ತಿ.

ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಹೇಳಬೇಕಾದ್ದು ಮಗು ಎಲ್ಲಿದೆ, ಅಂದಾಜು ವಯಸ್ಸೆಷ್ಟು, ಏನು ನಡೆಯುತ್ತಿದೆ, ಈಗ ಜೊತೆಗೆ ಯಾರಿದ್ದಾರೆ. ವಿಳಾಸ ಸರಿಯಾಗಿ ಹೇಳಿ. ‘ಜಗಳೂರು ಹತ್ತಿರದ ಒಂದು ಹಳ್ಳಿ’ ಎಂದರೆ ಯಾರು ಎಲ್ಲಿ ಹುಡುಕಬೇಕು? ಊರು, ಕೇರಿ, ಗುರುತಿಗೆ ಒಂದು ಗುಡಿಯೋ ಅಂಗಡಿಯೋ ಹೇಳಿ.

ಬಾಲ್ಯವಿವಾಹವಾದರೆ ಇನ್ನೆರಡು ವಿಷಯ ಸೇರಿಸಿ. ಮದುವೆ ಎಲ್ಲಿ, ಎಷ್ಟು ಹೊತ್ತಿಗೆ. ಮತ್ತೆ ಹುಡುಗಿ ಓದಿದ ಶಾಲೆ ಯಾವುದು. ಅಧಿಕಾರಿಗಳು ಬಂದಾಗ ಮನೆಯವರು ಆಧಾರ್ ಕಾರ್ಡ್ ಮುಂದೆ ಹಿಡಿದು ‘ಹದಿನೆಂಟು ತುಂಬಿದೆ’ ಎನ್ನುವುದುಂಟು. ವಯಸ್ಸು ತೀರ್ಮಾನಿಸಲು ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಹಾಗಾಗಿ ಶಾಲೆಯ ಹೆಸರು ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ. ತಹಶೀಲ್ದಾರ್, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇವರಿಗೂ ಬಾಲ್ಯವಿವಾಹ ತಡೆಯುವ ಅಧಿಕಾರವಿದೆ. ಲಗ್ನ ಬೆಳಗ್ಗೆಯೇ ಇದೆ ಎಂದರೆ ಇವರಿಗೂ ಫೋನ್ ಮಾಡಿ.

ದುಡಿಯುವ ಮಕ್ಕಳ ವಿಷಯದಲ್ಲಿ ನೆನಪಿಡಬೇಕಾದ್ದು ಇಷ್ಟು: 14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡ ಮಾಲೀಕರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಶಾಲೆ ಬಿಟ್ಟ ಮೇಲೆ ಸಂಜೆ ಅಪ್ಪನ ಅಂಗಡಿಯಲ್ಲಿ ಕೈಜೋಡಿಸಿದರೆ ಅದು ತಪ್ಪಲ್ಲ.

ಆಮೇಲೆ?

ಮಾಹಿತಿ ಜಿಲ್ಲೆಯ ಮಕ್ಕಳ ಸಹಾಯವಾಣಿ ತಂಡಕ್ಕೆ ಬರುತ್ತದೆ. ಅವರು ಮಗುವನ್ನು ನೋಡಲು ಹೋಗುತ್ತಾರೆ, ಬೇಕಾದರೆ ಪೊಲೀಸರ ಜೊತೆ. ರಕ್ಷಿಸಿದ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಮನೆಗೆ ಹೋಗಬೇಕೋ, ಅಜ್ಜಿ ಮನೆಗೋ, ಬಾಲಮಂದಿರಕ್ಕೋ ಎಂದು ತೀರ್ಮಾನಿಸುವುದು ಇವರೇ. ‘ಫೋನ್ ಮಾಡಿದರೆ ಮಗುನ ಕಿತ್ತುಕೊಂಡು ಹೋಗ್ತಾರೆ’ ಎಂಬ ಮಾತು ತುಂಬಾ ಕೇಳುತ್ತದೆ, ಅಲ್ವಾ? ಕಾಯ್ದೆ ಹೇಳುವುದು ಅದಕ್ಕೆ ಉಲ್ಟಾ. ಮಗುವಿಗೆ ಮೊದಲ ಜಾಗ ಕುಟುಂಬವೇ. ಮನೆ ಸುರಕ್ಷಿತವಲ್ಲ ಎಂದು ಕಂಡಾಗ ಮಾತ್ರ ಬೇರೆ ದಾರಿ.

ಪೋಕ್ಸೊ ಪ್ರಕರಣವಾದರೆ ಪೊಲೀಸರು ಹೇಳಿಕೆ ಪಡೆಯಲು ಮಗುವಿನ ಮನೆಗೋ, ಅದು ಬಯಸಿದ ಜಾಗಕ್ಕೋ ಬರಬೇಕು, ಯೂನಿಫಾರ್ಮ್ ಇಲ್ಲದೆ. ಆದಷ್ಟೂ ಮಹಿಳಾ ಎಸ್‌ಐ ಅಥವಾ ಮೇಲಿನವರೇ ಬರೆದುಕೊಳ್ಳಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಇರುತ್ತಾರೆ. ಅದರ ಮೇಲೆ ಮಗುವಿನ ಪರವಾಗಿ ಬೇರೆ ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ. ಪರಿಹಾರದ ಹಣಕ್ಕೂ ಅರ್ಜಿ ಹಾಕಬಹುದು.

ನಡುವೆ ಬರುವ ಹಿರಿಯರು

ಕೇಸು ಆಗುವ ಹೊತ್ತಿಗೆ ಊರಿನ ನಾಲ್ಕು ಜನ ಬಂದು ಕೂರುತ್ತಾರೆ. ‘ಹುಡುಗಿ ಮಾನದ ಪ್ರಶ್ನೆ, ಇಲ್ಲೇ ಮುಗಿಸೋಣ’. ಒಂದಿಷ್ಟು ದುಡ್ಡು, ಇಲ್ಲವೇ ಅವನಿಗೇ ಕಟ್ಟಿಬಿಡುವ ಮಾತು. ಇದು ನನಗೆ ದೌರ್ಜನ್ಯದಷ್ಟೇ ಸಿಟ್ಟು ತರಿಸುವ ವಿಷಯ. ಮಾನ ಹೋಗಬೇಕಾದ್ದು ಯಾರದು? ಕಾನೂನಿನ ಮುಂದೆ ಈ ರಾಜಿಗೆ ಬೆಲೆಯಿಲ್ಲ. ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು ರಾಜಿಯಾಗಿದೆ ಎಂದು ಹೈಕೋರ್ಟ್ ಕೈಬಿಟ್ಟಾಗ, ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆ ಆದೇಶವನ್ನೇ ರದ್ದು ಮಾಡಿತು. ‘ಕಟ್ಟಿಬಿಡುವ’ ಮದುವೆಯೂ ನಿಲ್ಲುವುದಿಲ್ಲ. ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು.

ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಯಾವುದೂ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಬಾರದು. ‘ನ್ಯಾಯ ಬೇಕು’ ಎಂದು ಸ್ಟೇಟಸ್ ಹಾಕಿದರೂ ಅಪರಾಧವೇ. ಬಾಲನ್ಯಾಯ ಕಾಯ್ದೆಯಡಿ ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಕರೆ ಮಾಡಿದರೂ ಯಾರೂ ಬರದಿದ್ದರೆ

ಕರೆ ಮಾಡಿದ ತಾರೀಕು, ಸಮಯ ಬರೆದಿಡಿ. ಮತ್ತೊಮ್ಮೆ ಮಾಡಿ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಇಲ್ಲವೇ ಮಕ್ಕಳ ಕಲ್ಯಾಣ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಕೇಳಿ ಪಡೆಯಿರಿ. ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರೆ ಝೀರೊ ಎಫ್‌ಐಆರ್ (ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್) ಮಾಡಲು ಹೇಳಿ. ಯಾವ ಠಾಣೆಯಾದರೂ ಅದನ್ನು ದಾಖಲಿಸಲೇಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಅಲ್ಲೂ ಆಗದಿದ್ದರೆ ಎಸ್‌ಪಿ ಕಚೇರಿ, ಆಮೇಲೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಆಯೋಗಕ್ಕೆ ಬರೆಯುವಾಗ ಮೊದಲಿನ ಅರ್ಜಿಗಳ ಜೆರಾಕ್ಸ್ ಲಗತ್ತಿಸಿ.