ಎಮ್ಯುಲೇಟರ್‌ಗೆ ನಿಮ್ಮದೇ ಡಿವೈಸ್ ಸೇರಿಸುವುದು ಹೇಗೆ? ಮೊದಲು ಬಸ್ ನೋಡಿ

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸಲು ತುಂಬಾ ಜನ ಬಳಸುವುದು ಕ್ಯೂಎಮು ಎಂಬ ಎಮ್ಯುಲೇಟರ್. ಫಾಬ್ರಿಸ್ ಬೆಲಾರ್ 2003ರಲ್ಲಿ ಇದನ್ನು ಹೊರತಂದರು. ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ. ಸಿ ಭಾಷೆ ಗೊತ್ತಿದ್ದರೆ ನೀವೂ ಒಂದು ಡಿವೈಸ್, ಅಂದರೆ ಹಾರ್ಡ್‌ವೇರಿನಂತೆ ನಟಿಸುವ ಕೋಡ್, ಬರೆದು ಅದರೊಳಗೆ ಕೂರಿಸಬಹುದು. ರಿಜಿಸ್ಟರ್‌ಗಳ (ಡಿವೈಸ್ ಜೊತೆ ಮಾತಾಡಲು ಓದಿ ಬರೆಯುವ ಪುಟ್ಟ ಜಾಗಗಳ) ಕೋಡ್ ಬರೆಯುವುದು ಅಂಥ ಕಷ್ಟವೇನಲ್ಲ. ಆ ಡಿವೈಸ್ ಯಾವ ಬಸ್ಸಿಗೆ ಸೇರಬೇಕು, ಹೇಗೆ ಸೇರಬೇಕು ಅನ್ನುವಲ್ಲಿಯೇ ಎಡವುವುದು ಜಾಸ್ತಿ. ಬಸ್ ಎಂದರೆ ಇಲ್ಲಿ ಚಿಪ್‌ಗಳ ನಡುವೆ ಮಾಹಿತಿ ಓಡಾಡುವ ದಾರಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಡಿವೈಸ್ ತನ್ನ ವಿಷಯ ಮಾತ್ರ ಹೇಳಬೇಕು. ಅದು ಎಲ್ಲಿ ಕೂರಬೇಕು ಎಂದು ಹೇಳುವುದು ಬಸ್ಸಿನ ಕೆಲಸ. 2009ಕ್ಕೆ ಮುಂಚೆ ಕ್ಯೂಎಮುವಿನಲ್ಲಿ ಹೀಗಿರಲಿಲ್ಲ. ಪ್ರತಿಯೊಂದು ಬೋರ್ಡಿನ, ಅಂದರೆ ಒಳಗೆ ಓಡುವ ಯಂತ್ರದ ಮಾದರಿಯ, ಕೋಡೂ ಒಂದೊಂದು ಡಿವೈಸನ್ನು ಬೇರೆಬೇರೆ ರೀತಿಯಲ್ಲಿ ಕರೆದು, ವಿಳಾಸ ಮತ್ತು ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಕೈಗಿಡುತ್ತಿತ್ತು. ಆ ವರ್ಷ ಪಾಲ್ ಬ್ರೂಕ್ ಕ್ಯೂಡೆವ್ ಎಂಬ ಒಂದೇ ಚೌಕಟ್ಟು ತಂದರು. ಡಿವೈಸ್ ಮತ್ತು ಬಸ್ ಎರಡಕ್ಕೂ ಒಂದು ಶಿಸ್ತು ಬಂದದ್ದು ಆಮೇಲೆ.

ಮೊದಲ ಹೆಜ್ಜೆ: ಮರವನ್ನು ಕಣ್ಣಾರೆ ನೋಡಿ

ಕೋಡ್ ಬರೆಯುವ ಮೊದಲು ಕ್ಯೂಎಮುವಿನಲ್ಲಿ 'ಪಿಸಿ' ಮಾದರಿಯ ಯಂತ್ರವೊಂದನ್ನು ಶುರು ಮಾಡಿ. ಕಂಟ್ರೋಲ್, ಆಲ್ಟ್ ಮತ್ತು 2 ಒಟ್ಟಿಗೆ ಒತ್ತಿದರೆ ಮಾನಿಟರ್ ಪರದೆ ಬರುತ್ತದೆ. ಅಲ್ಲಿ 'ಇನ್ಫೋ ಕ್ಯೂಟ್ರೀ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಡಿವೈಸ್, ಬಸ್ಸುಗಳು ಮರದ ಕೊಂಬೆಗಳಂತೆ ಕವಲೊಡೆದ ಉದ್ದನೆಯ ಪಟ್ಟಿ ಬರುತ್ತದೆ, ಗಾಬರಿಯಾಗಬೇಡಿ. ಎಡ ಅಂಚನ್ನು ಮಾತ್ರ ನೋಡುತ್ತಾ ಬನ್ನಿ. ಎಲ್ಲಕ್ಕಿಂತ ಮೇಲೆ ಮೇನ್ ಸಿಸ್ಟಮ್ ಬಸ್. ಅದರ ಮೇಲೆ ಪಿಸಿಐ ಹೋಸ್ಟ್ ಎಂಬ ಡಿವೈಸ್ (ಪಿಸಿಐ ಎಂದರೆ ಕಾರ್ಡುಗಳನ್ನು ಸಿಕ್ಕಿಸುವ ಬಸ್). ಅದರೊಳಗೆ 'ಪಿಸಿಐ.0' ಎಂಬ ಬಸ್. ಆ ಬಸ್ಸಿನ ಮೇಲೆ ಪಿಕ್ಸ್3 ಎಂಬ ಚಿಪ್. ಅದರೊಳಗೆ 'ಐಎಸ್ಎ.0' ಎಂಬ ಹಳೆಯ ಕಾಲದ ಬಸ್. ಅದರ ಮೇಲೆ ಸೀರಿಯಲ್ ಪೋರ್ಟ್. ಡಿವೈಸ್, ಬಸ್, ಮತ್ತೆ ಡಿವೈಸ್, ಮತ್ತೆ ಬಸ್. ಪ್ರತಿ ಮೆಟ್ಟಿಲಿಗೂ ಸಾಲು ಸ್ವಲ್ಪ ಬಲಕ್ಕೆ ಸರಿಯುತ್ತದೆ. ಒಂದು ಡಿವೈಸ್ ಎಷ್ಟು ಬಸ್ಸುಗಳನ್ನಾದರೂ ಹೊತ್ತಿರಬಹುದು. ಆದರೆ ಅದು ಕೂರುವುದು ಒಂದೇ ಬಸ್ಸಿನ ಮೇಲೆ. ಈ ಚಿತ್ರ ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದಂತೆ.

ಎರಡನೇ ಹೆಜ್ಜೆ: ಬಸ್ ಆರಿಸಿ

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಒಳಗೆ ಓಡುವ ಆಪರೇಟಿಂಗ್ ಸಿಸ್ಟಮ್, ಅಂದರೆ ಗೆಸ್ಟ್, ಈ ಡಿವೈಸನ್ನು ತಾನಾಗಿ ಹುಡುಕಬೇಕೋ, ಇಲ್ಲವೇ ಯಾರಾದರೂ ಅದಕ್ಕೆ ಹೇಳುತ್ತಾರೋ?

ತಾನಾಗಿ ಹುಡುಕಬೇಕು ಎಂದಾದರೆ ಪಿಸಿಐ ಒಳ್ಳೆಯದು. ಒಂದು ಪಿಸಿಐ ಬಸ್ಸಿನಲ್ಲಿ 32 ಸ್ಲಾಟ್, ಒಂದೊಂದರಲ್ಲಿ 8 ಫಂಕ್ಷನ್ (ಒಂದೇ ಕಾರ್ಡಿನೊಳಗಿನ ಬೇರೆಬೇರೆ ಡಿವೈಸ್) ವರೆಗೆ ಜಾಗವಿದೆ. ಗೆಸ್ಟ್ ಪ್ರತಿ ಸ್ಲಾಟಿನ ಬಾಗಿಲು ತಟ್ಟಿ, 'ನೀನು ಯಾರು?' ಎಂದು ಐಡಿ ಓದುತ್ತದೆ. ಯಾರೂ ಇಲ್ಲದಿದ್ದರೆ ಎಲ್ಲ ಬಿಟ್‌ಗಳೂ 1 ಆಗಿ ವಾಪಸ್ ಬರುತ್ತವೆ.

ಆರ್ಮ್ ಪ್ರೊಸೆಸರ್ ಇರುವ ಬೋರ್ಡುಗಳಲ್ಲಿ ಕಥೆ ಬೇರೆ. ಅಲ್ಲಿನ ಎಷ್ಟೋ ಡಿವೈಸ್‌ಗಳು ಗೊತ್ತಾದ ವಿಳಾಸದಲ್ಲಿ ಕೂತಿರುತ್ತವೆ. ಡಿವೈಸ್ ಟ್ರೀ ಎಂಬ ಪಟ್ಟಿಯಿಂದ ಗೆಸ್ಟ್‌ಗೆ ಅದು ತಿಳಿಯುತ್ತದೆ. ಇಂಥವಕ್ಕೆ ಕ್ಯೂಎಮುವಿನಲ್ಲಿ ಸಿಸ್‌ಬಸ್ ಇದೆ. ಸಿಸ್‌ಬಸ್ ಎಂಬ ನಿಜವಾದ ಹಾರ್ಡ್‌ವೇರ್ ಯಾವುದೂ ಇಲ್ಲ. ಮತ್ಯಾವ ಬಸ್ಸಿಗೂ ಸೇರದವುಗಳ ತಂಗುದಾಣ ಅದು. ಸುಲಭ ಎಂದು ಸುಮ್ನೆ ಎಲ್ಲವನ್ನೂ ಅಲ್ಲಿ ತುಂಬಬೇಡಿ. ಸಿಸ್‌ಬಸ್ ಡಿವೈಸನ್ನು ಯಾವ ವಿಳಾಸಕ್ಕೆ ಮ್ಯಾಪ್ ಮಾಡಬೇಕು (ಹೊಂದಿಸಿ ಕೂರಿಸಬೇಕು), ಅದರ ಇಂಟರಪ್ಟ್ ತಂತಿ ಎಲ್ಲಿಗೆ ಹೋಗಬೇಕು ಎಂಬುದನ್ನು ಬೋರ್ಡ್ ಬರೆದವರೇ ಹೇಳಬೇಕು. ಹಾಗಾಗಿ ಬಳಸುವವರು ಕಮಾಂಡ್ ಲೈನ್‌ನಿಂದ ಅದನ್ನು ಸೇರಿಸಲು ಸಾಮಾನ್ಯವಾಗಿ ಆಗುವುದಿಲ್ಲ.

ತಾಪಮಾನ ಅಳೆಯುವಂಥ ಸಣ್ಣ ಸೆನ್ಸರ್ ಆದರೆ ಎರಡೇ ತಂತಿಯ ಐ2ಸಿ ಬಸ್ ಸಾಕು. 7 ಬಿಟ್‌ನ ವಿಳಾಸ ಕೊಟ್ಟರೆ ಮುಗಿಯಿತು.

ಮೂರನೇ ಹೆಜ್ಜೆ: ಹುಟ್ಟಿಸುವುದು ಬೇರೆ, ಜೋಡಿಸುವುದು ಬೇರೆ

ಈ ಹೆಜ್ಜೆಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಕ್ಯೂಎಮುವಿನಲ್ಲಿ ಡಿವೈಸ್‌ಗೆ ಜೀವ ಬರುವುದು ಎರಡು ಹಂತದಲ್ಲಿ. ಮೊದಲನೆಯದು ಇನಿಟ್, ಎರಡನೆಯದು ರಿಯಲೈಜ್. ಇನಿಟ್ ನಡೆಯುವಾಗ ಡಿವೈಸ್ ಇನ್ನೂ ಯಾವ ಬಸ್ಸಿನ ಮೇಲೂ ಇಲ್ಲ. ಬಳಸುವವರು ಕೊಟ್ಟ ಆಯ್ಕೆಗಳೂ ಬಂದಿರುವುದಿಲ್ಲ. 'ಈ ಡಿವೈಸ್‌ಗೆ ಏನೇನು ಆಯ್ಕೆಗಳಿವೆ?' ಎಂದು ವಿಚಾರಿಸಿದರೂ ಸಾಕು, ಕ್ಯೂಎಮು ಅದನ್ನು ಹುಟ್ಟಿಸಿ, ನೋಡಿ, ಅಳಿಸಿಬಿಡಬಹುದು. ಹಾಗಾಗಿ ಇನಿಟ್‌ನಲ್ಲಿ ಥ್ರೆಡ್ (ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆ) ಶುರು ಮಾಡುವುದು, ಫೈಲ್ ತೆರೆಯುವುದು ಕೂಡದು.

ರಿಯಲೈಜ್ ಹೊತ್ತಿಗೆ ಬಸ್ ಸಿಕ್ಕಿರುತ್ತದೆ. ಸ್ಲಾಟ್ ಖಾಲಿ ಇಲ್ಲದಿದ್ದರೆ, ಆಯ್ಕೆ ತಪ್ಪಿದ್ದರೆ, ಇಲ್ಲೇ ತಪ್ಪನ್ನು ವಾಪಸ್ ಹೇಳಬಹುದು.

ಕ್ಯೂಎಮು ಸೋರ್ಸ್‌ನಲ್ಲೇ ಇದಕ್ಕೊಂದು ಚೆಂದದ ಉದಾಹರಣೆ ಇದೆ. ಎಡು ಎಂಬ ಪಿಸಿಐ ಡಿವೈಸ್, ಕಲಿಯುವವರಿಗೆಂದೇ ಬರೆದದ್ದು. ಅದರ ರಿಯಲೈಜ್ ಫಂಕ್ಷನ್ ತೆರೆದು ನೋಡಿ. ಇಂಟರಪ್ಟ್ ಪಿನ್ ಹೇಳುತ್ತದೆ, ಎಂಎಸ್ಐ (ತಂತಿಯ ಬದಲು ಸಂದೇಶವಾಗಿ ಹೋಗುವ ಇಂಟರಪ್ಟ್) ಸಿದ್ಧಮಾಡುತ್ತದೆ, ಟೈಮರ್ ಇಡುತ್ತದೆ, ಒಂದು ಥ್ರೆಡ್ ಶುರು ಮಾಡುತ್ತದೆ, ಕೊನೆಗೆ 1 ಎಂಬಿ ಮೆಮೊರಿ ಜಾಗವನ್ನು ಬಾರ್ 0 (ಪಿಸಿಐ ಡಿವೈಸ್ ಕೇಳುವ ಮೆಮೊರಿ ಜಾಗಗಳಲ್ಲಿ ಮೊದಲನೆಯದು) ಎಂದು ನೋಂದಾಯಿಸುತ್ತದೆ. ಆ ಜಾಗ ಯಾವ ವಿಳಾಸದಲ್ಲಿ ಇರಬೇಕು ಎಂಬ ಒಂದು ಅಂಕಿಯೂ ಅಲ್ಲಿಲ್ಲ! 'ನನಗೆ 1 ಎಂಬಿ ಬೇಕು' ಎಂದಷ್ಟೇ ಅದರ ಮಾತು. ಯಂತ್ರ ಶುರುವಾದ ಮೇಲೆ ಗೆಸ್ಟ್‌ನ ಬಯಾಸ್ (ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂ) ವಿಳಾಸ ಬರೆಯುತ್ತದೆ, ಪಿಸಿಐ ಕೋಡ್ ಅಲ್ಲಿಗೆ ಮ್ಯಾಪ್ ಮಾಡುತ್ತದೆ. ನಿಮ್ಮ ಡಿವೈಸನ್ನೂ ಹೀಗೆಯೇ ಬರೆಯಿರಿ.

ಜೋಡಿಸಿದ್ದನ್ನು ಬಿಚ್ಚುವ ಫಂಕ್ಷನ್ನನ್ನೂ ಅದೇ ದಿನ ಬರೆದುಬಿಡಿ. ನಾಳೆಗೆ ಬಿಟ್ಟರೆ ಥ್ರೆಡ್ ನಿಲ್ಲಿಸುವುದು ಮರೆತೇ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಇಂಟರಪ್ಟ್ ತಂತಿಯನ್ನು ಬಸ್ಸಿನ ಜೊತೆ ಬೆರೆಸಬೇಡಿ

ಇಂಟರಪ್ಟ್ ಯಾವಾಗಲೂ ಬಸ್ಸಿನ ದಾರಿಯಲ್ಲೇ ಹೋಗುತ್ತದೆ ಎಂದುಕೊಳ್ಳುವುದು ಸಹಜ. ಪಿಸಿಐನಲ್ಲಿ ಅದು ಬಹುಮಟ್ಟಿಗೆ ನಿಜ. ಡಿವೈಸ್ 'ನನ್ನ ಪಿನ್ ಎತ್ತು' ಎನ್ನುತ್ತದೆ, ಸ್ಲಾಟ್ ನೋಡಿ ಅದನ್ನು ಯಾವ ಇಂಟರಪ್ಟ್ ಸಾಲಿಗೆ ಸೇರಿಸಬೇಕೆಂದು ಮೇಲಿನ ಬ್ರಿಡ್ಜ್ (ಬಸ್ಸನ್ನು ಹೊತ್ತ ಡಿವೈಸ್) ತೀರ್ಮಾನಿಸುತ್ತದೆ. ಆದರೆ ಐ2ಸಿ ಬಸ್ಸಿಗೆ ಇಂಟರಪ್ಟ್ ತಂತಿಯೇ ಇಲ್ಲ. ಟಿಎಂಪಿ105 ಎಂಬ ತಾಪಮಾನ ಸೆನ್ಸರ್‌ಗೆ ಎಚ್ಚರಿಕೆ ಕೊಡಲು ಬೇರೆಯೇ ಒಂದು ಪಿನ್ ಇದೆ. ಡಿವೈಸ್ ಅದನ್ನು ಹೊರಗೆ ಚಾಚಿಟ್ಟು ಸುಮ್ಮನಿರಬೇಕು. ಎಲ್ಲಿಗೆ ಜೋಡಿಸುವುದು ಎಂಬುದು ಬೋರ್ಡಿಗೆ ಬಿಟ್ಟದ್ದು.

ಐದನೇ ಹೆಜ್ಜೆ: ಒಂದೇ ಡಿವೈಸ್ ಹಲವು ಬಸ್ಸುಗಳಿಗೆ ಬೇಕಾದರೆ

ಕೋಡ್ ಕಾಪಿ ಮಾಡಬೇಡಿ. ವರ್ಟಿಯೋ (ಇಂಥ ಒಳಗಿನ ಯಂತ್ರಗಳಿಗೆಂದೇ ರೂಪಿಸಿದ ಡಿವೈಸ್ ಬಗೆ) ಡಿಸ್ಕ್ ನೋಡಿ ಕಲಿಯಿರಿ. ಹೊರಗೆ ಪಿಸಿಐ ಕವಚ. ಅದರೊಳಗೆ ವರ್ಟಿಯೋ ಬಸ್ ಎಂಬ ಪುಟ್ಟ ಬಸ್. ಅದರ ಮೇಲೆ ಒಂದೇ ಒಂದು ಡಿವೈಸ್‌ಗೆ ಜಾಗ, ಅಲ್ಲಿ ನಿಜವಾದ ಡಿಸ್ಕ್ ಕೂರುತ್ತದೆ. ಪಿಸಿಐ ಇಲ್ಲದ ಬೋರ್ಡಿನಲ್ಲಿ ಹೊರಗಿನ ಕವಚ ಮಾತ್ರ ಬದಲಾಗುತ್ತದೆ. ಒಳಗಿನ ಡಿಸ್ಕ್ ಕೋಡ್ ಅದೇ. ಈ ಎಮ್ಯುಲೇಟರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜೋಡಣೆ ಇದು.

ಆರನೇ ಹೆಜ್ಜೆ: ಜಾಗ ಗಟ್ಟಿಮಾಡಿ, ಪರೀಕ್ಷಿಸಿ

ಸ್ಲಾಟ್ ಹೇಳದಿದ್ದರೆ ಬಸ್ ತನಗೆ ಸಿಕ್ಕಿದ ಮೊದಲ ಖಾಲಿ ಜಾಗ ಕೊಡುತ್ತದೆ. ನಾನು ಇದರಿಂದ ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ. ಕಮಾಂಡ್‌ನಲ್ಲಿ ನೆಟ್‌ವರ್ಕ್ ಕಾರ್ಡಿಗಿಂತ ಮುಂಚೆ ಎಡು ಸೇರಿಸಿದೆ. ಎಡು 3ನೇ ಸ್ಲಾಟ್ ಹಿಡಿಯಿತು, ಕಾರ್ಡ್ 4ಕ್ಕೆ ಸರಿಯಿತು. ಲಿನಕ್ಸ್ ಗೆಸ್ಟ್ ಕಾರ್ಡಿಗೆ ಸ್ಲಾಟ್ ನೋಡಿಯೇ ಹೆಸರಿಡುತ್ತದೆ ಅಲ್ವಾ? 'ಇಎನ್ಎಸ್3' ಇದ್ದದ್ದು 'ಇಎನ್ಎಸ್4' ಆಯಿತು. ಸೆಟ್ಟಿಂಗ್ ಹಳೆಯ ಹೆಸರಿನಲ್ಲೇ ಇತ್ತು, ನೆಟ್‌ವರ್ಕ್ ಹೋಯಿತು. ತಪ್ಪು ನನ್ನ ಡ್ರೈವರ್‌ನಲ್ಲಿದೆ (ಗೆಸ್ಟ್ ಒಳಗಿಂದ ಡಿವೈಸ್ ಜೊತೆ ಮಾತಾಡುವ ಕೋಡ್) ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಓದುತ್ತಾ ಕೂತಿದ್ದೆ. ಅಂದಿನಿಂದ ಪ್ರತಿ ಡಿವೈಸ್‌ಗೂ ಬಸ್ ಮತ್ತು ಸ್ಲಾಟ್ ಎರಡನ್ನೂ ಬರೆದೇ ಯಂತ್ರ ಶುರು ಮಾಡುತ್ತೇನೆ.

ಪಿಸಿಐ ಎಕ್ಸ್‌ಪ್ರೆಸ್ ಇರುವ ಕ್ಯೂ35 ಮಾದರಿಯ ಯಂತ್ರವಾದರೆ ಇನ್ನೊಂದು ಎಚ್ಚರ. ಅದರ ಮೂಲ ಬಸ್ ಆದ 'ಪಿಸಿಐಇ.0' ಮೇಲೆ ಯಂತ್ರ ಓಡುತ್ತಿರುವಾಗ ಡಿವೈಸ್ ಸೇರಿಸಲು, ತೆಗೆಯಲು ಆಗದು. ಅದು ಬೇಕಿದ್ದರೆ ಮೊದಲೇ ಒಂದು ರೂಟ್ ಪೋರ್ಟ್ (ತನ್ನದೇ ಬಸ್ ಹೊತ್ತ ಡಿವೈಸ್) ಇಟ್ಟು, ಅದರ ಮೇಲೆ ಕೂರಿಸಿ.

ಈಗ ಪರೀಕ್ಷೆ. 'ಪಿಸಿ' ಯಂತ್ರದಲ್ಲಿ ಎಡುವನ್ನು 5ನೇ ಸ್ಲಾಟಿಗೆ ಹಾಕಿ. ಗೆಸ್ಟ್‌ನಲ್ಲಿ ಪಿಸಿಐ ಡಿವೈಸ್‌ಗಳ ಪಟ್ಟಿ ಕೊಡುವ 'ಎಲ್ಎಸ್‌ಪಿಸಿಐ' ಓಡಿಸಿದರೆ 00:05.0 ಸಾಲಿನಲ್ಲಿ ಅದು ಕಾಣಬೇಕು. ಐಡಿ ಹೆಕ್ಸ್‌ನಲ್ಲಿ 1234 (ತಯಾರಕರದು) ಮತ್ತು 11ಇ8 (ಡಿವೈಸ್‌ನದು). ನಿಮ್ಮ ಡ್ರೈವರ್‌ನಿಂದ ಬಾರ್ 0ರ ಆಫ್‌ಸೆಟ್ 4ಕ್ಕೆ ಸೊನ್ನೆ ಬರೆದು ವಾಪಸ್ ಓದಿ. ಎಡು ಬರೆದ ಬಿಟ್‌ಗಳನ್ನೆಲ್ಲ ತಿರುಗಿಸಿ ಕೊಡುತ್ತದೆ, ಹಾಗಾಗಿ 32 ಬಿಟ್‌ಗಳೂ 1 ಆಗಿ ಬರಬೇಕು. ಬಂದರೆ ಯಂತ್ರ ನಿಲ್ಲಿಸಿ, ಸ್ಲಾಟ್ 5 ಇದ್ದಲ್ಲಿ 7 ಎಂದು ಬರೆದು ಮತ್ತೆ ಶುರು ಮಾಡಿ. ಈ ಸಲ ಸಾಲು 00:07.0 ಎಂದಿರುತ್ತದೆ. ಡ್ರೈವರ್‌ನ ಒಂದು ಅಕ್ಷರವನ್ನೂ ಮುಟ್ಟದೆ ಅದೇ ಉತ್ತರ ಬರುತ್ತದೆ.