ವಿಕ್ಟೋರಿಯಾ ಕಾಲದ ಪತ್ತೇದಾರಿ ನಾಯಕಿ: ಓದುಗರ ಅಭಿಪ್ರಾಯ ಕೇಳುವ ಮತ್ತು ಬರೆದಿಡುವ ಬಗೆ

ಹತ್ತು ಜನ ಒಂದೇ ಕಾದಂಬರಿಯನ್ನು ಓದಿ, ‘ನಾಯಕಿ ಗಟ್ಟಿಗಿತ್ತಿ’, ‘ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ’ ಎಂದಷ್ಟೇ ಹೇಳಿ ಎದ್ದುಹೋದರೆ ಹನ್ನೊಂದನೆಯ ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ ಇಂಗ್ಲೆಂಡಿನಲ್ಲಿ ಸ್ವತಂತ್ರ ಮನಸ್ಸಿನ ಹೆಣ್ಣೊಬ್ಬಳು ಕೊಲೆಯ ಜಾಡು ಹಿಡಿದು ಹೊರಡುವ ಕಾದಂಬರಿ ಮಾಲೆಗಳ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಏಕೆಂದರೆ ಒಬ್ಬರಿಗೆ ಧೈರ್ಯವಾಗಿ ಕಂಡದ್ದು ಪಕ್ಕದಲ್ಲಿ ಕುಳಿತವರಿಗೆ ಹುಂಬತನವಾಗಿ ಕಾಣುತ್ತದೆ, ಒಬ್ಬರು ಮೆಚ್ಚಿದ ನೇರ ಮಾತು ಇನ್ನೊಬ್ಬರ ಕಿವಿಗೆ ಸೊಕ್ಕಿನಂತೆ ಕೇಳಿಸುತ್ತದೆ. ಓದುಗರು ಯಾವ ಅಳತೆಗೋಲು ಹಿಡಿದು ನಾಯಕಿಯನ್ನು ಅಳೆದರು ಎಂಬುದು ಗೊತ್ತಾದಾಗ ಮಾತ್ರ ಅವರ ಅಭಿಪ್ರಾಯ ಇನ್ನೊಬ್ಬರ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ಅಳತೆಗೋಲನ್ನು ಮಾತಿನ ಮೂಲಕ ಹೊರತರುವ ವಿಧಾನವನ್ನು ಕಲಬುರಗಿಯಲ್ಲಿ ಓದುಗರ ಬಳಗ ನಡೆಸುತ್ತಿರುವವರಿಗಾಗಿ ಮತ್ತು ಹೊಸದಾಗಿ ಕಟ್ಟಬೇಕೆಂದಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಆಯ್ಕೆ. ಮಾಲೆ ಎಷ್ಟೇ ಉದ್ದವಿರಲಿ, ಬಳಗವು ಮೊದಲನೆಯ ಕಾದಂಬರಿಯಿಂದಲೇ ಆರಂಭಿಸಬೇಕು. ನಡುವಿನ ಪುಸ್ತಕವನ್ನು ಎತ್ತಿಕೊಂಡವರಿಗೆ ನಾಯಕಿಯ ಹಟ ಮಾತ್ರ ಕಾಣುತ್ತದೆ, ಆ ಹಟ ಹುಟ್ಟಿದ ಕಾರಣ ಕಾಣುವುದಿಲ್ಲ. ಈಚಿನ ಮಾಲೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಸಿಗುತ್ತವೆ ಮತ್ತು ಬೆಲೆಯೂ ಕಡಿಮೆಯೇನಲ್ಲ. ಆದ್ದರಿಂದ ಎರಡು ಮೂರು ಪ್ರತಿಗಳನ್ನು ಸೇರಿ ಕೊಂಡು ಸರದಿಯ ಮೇಲೆ ಓದುವುದು ಒಳ್ಳೆಯದು. ಇಂಗ್ಲಿಷ್ ಓದಲು ಕಷ್ಟಪಡುವವರಿಗೆ, ಓದಿದವರೊಬ್ಬರು ಅಧ್ಯಾಯಗಳ ಸಾರವನ್ನು ಕನ್ನಡದಲ್ಲಿ ಹೇಳಿ, ಮುಖ್ಯವಾದ ಒಂದೆರಡು ಪುಟಗಳನ್ನು ಅನುವಾದಿಸಿ ಓದಿ ಹೇಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಆದರೆ ಹೀಗೆ ಕೇಳಿಸಿಕೊಂಡವರ ಅಭಿಪ್ರಾಯಗಳು ಓದಿದವರ ಅಭಿಪ್ರಾಯಗಳಿಗಿಂತ ಯಾವ ರೀತಿಯಲ್ಲೂ ಕಡಿಮೆಯಾಗಿರುವುದಿಲ್ಲ, ಅನೇಕ ಸಲ ಹೆಚ್ಚು ಹರಿತವಾಗಿಯೇ ಇರುತ್ತವೆ. ಹಣ ಹೊಂದಿಸುವುದು ಕಷ್ಟವಾದರೆ ಆ ಕಾಲದಲ್ಲೇ ಬರೆದ, ಹಕ್ಕುಸ್ವಾಮ್ಯ ಮುಗಿದಿರುವ ಕೃತಿಗಳಿಂದ ಆರಂಭಿಸಬಹುದು, ಅವು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ಚರ್ಚೆಗೆ ಒಂದು ವಾರ ಮೊದಲು ಎಲ್ಲರ ಕೈಗೂ ಒಂದು ಪುಟದ ಕಾಲಪಟ್ಟಿಯನ್ನು ಕೊಡಬೇಕು. ಇದನ್ನು ಬಿಟ್ಟರೆ ಚರ್ಚೆಯ ಅರ್ಧ ಭಾಗ ‘ಆ ಕಾಲದಲ್ಲಿ ಹೀಗೆ ಸಾಧ್ಯವಿತ್ತೇ’ ಎಂಬ ಊಹೆಯಲ್ಲೇ ಕಳೆದುಹೋಗುತ್ತದೆ. ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಆಸ್ತಿಯ ಕಾನೂನು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಗಳಿಕೆ ಸಾಮಾನ್ಯವಾಗಿ ಗಂಡನಿಗೇ ಸೇರುತ್ತಿತ್ತು. 1870ರ ಕಾಯ್ದೆಯು ಆಕೆಯ ದುಡಿಮೆಯ ಹಣವನ್ನು ಆಕೆಗೆ ಉಳಿಸಿತು, 1882ರ ಕಾಯ್ದೆಯು ಸ್ವಂತ ಆಸ್ತಿಯನ್ನು ತನ್ನ ಹೆಸರಿನಲ್ಲೇ ಹೊಂದುವ ಹಕ್ಕನ್ನು ಕೊಟ್ಟಿತು. ಆದರೆ ಮದುವೆಯಾಗದ ವಯಸ್ಕ ಹೆಣ್ಣಿಗೂ ವಿಧವೆಗೂ ಈ ಕಾಯ್ದೆಗಳಿಗಿಂತ ಮೊದಲೇ ಆಸ್ತಿ ಹೊಂದುವ, ಕರಾರು ಮಾಡಿಕೊಳ್ಳುವ ಹಕ್ಕಿತ್ತು. ಇಂಥ ಮಾಲೆಗಳ ನಾಯಕಿಯರಲ್ಲಿ ಹಲವರು ವಿಧವೆಯರಾಗಿರುವುದಕ್ಕೆ, ಇಲ್ಲವೇ ತಂದೆಯ ಅಥವಾ ಚಿಕ್ಕಮ್ಮನ ಆಸ್ತಿ ಬಂದ ಅವಿವಾಹಿತೆಯರಾಗಿರುವುದಕ್ಕೆ ಕಾರಣ ಇಲ್ಲಿದೆ. ಇದು ತಿಳಿದ ಓದುಗರು ‘ಪಾಪ, ಗಂಡನನ್ನು ಕಳೆದುಕೊಂಡವಳು’ ಎಂಬಲ್ಲಿಗೆ ನಿಲ್ಲದೆ, ಆಕೆಯ ಬಾಡಿಗೆಯ ಗಾಡಿಗೆ ದುಡ್ಡು ಎಲ್ಲಿಂದ ಬಂತು ಎಂದು ಕೇಳತೊಡಗುತ್ತಾರೆ.

ಅದೇ ಪಟ್ಟಿಯಲ್ಲಿ ಪೊಲೀಸ್ ಮತ್ತು ನ್ಯಾಯಾಲಯದ ಕೆಲವು ವರ್ಷಗಳೂ ಇರಲಿ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ 1829ರಲ್ಲಿ, ಅದರ ಪತ್ತೇದಾರಿ ಶಾಖೆ 1842ರಲ್ಲಿ, ಸಿ.ಐ.ಡಿ. 1878ರಲ್ಲಿ ಆರಂಭವಾದವು. ಬೆರಳಚ್ಚಿನ ವಿಭಾಗ ಬಂದದ್ದು 1901ರಲ್ಲಿ. 1880ರ ಕಥೆಯಲ್ಲಿ ಇನ್‌ಸ್ಪೆಕ್ಟರ್ ಬೆರಳಚ್ಚು ಹೋಲಿಸಿ ಕೊಲೆಗಾರನನ್ನು ಹಿಡಿದರೆ ಅದು ಲೇಖಕರ ತಪ್ಪು ಎಂದು ಧೈರ್ಯವಾಗಿ ಹೇಳಬಹುದು. ಸಮವಸ್ತ್ರದ ಮಹಿಳಾ ಗಸ್ತು ಆ ಪಡೆಗೆ ಸೇರಿದ್ದು 1919ರಲ್ಲಿ. 1898ರವರೆಗೆ ಕೊಲೆಯ ಆರೋಪಿಯು ತನ್ನ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಸಾಕ್ಷಿ ನುಡಿಯುವಂತಿರಲಿಲ್ಲ. ಈ ಕೊನೆಯ ಸಂಗತಿಯನ್ನು ಓದುಗರು ಗಮನಿಸುವಂತೆ ಮಾಡಬೇಕು, ಏಕೆಂದರೆ ನಿರಪರಾಧಿಯ ಪರವಾಗಿ ಹೊರಗಿನವರೊಬ್ಬರು ಪುರಾವೆ ಹುಡುಕಲೇಬೇಕಾದ ಒತ್ತಡ ಕಥೆಗೆ ಬರುವುದು ಇದರಿಂದಲೇ.

ಇನ್ನು ಅಭಿಪ್ರಾಯ ಸಂಗ್ರಹಿಸುವ ಕೆಲಸ. ಮಾತು ಆರಂಭವಾಗುವ ಮೊದಲೇ ಪ್ರತಿಯೊಬ್ಬರಿಂದ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಬಳಗದಲ್ಲಿ ದೊಡ್ಡ ದನಿಯವರು, ಪಾಠ ಹೇಳಿ ರೂಢಿಯಿರುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರು ಮೊದಲು ಮಾತನಾಡಿದರೆ ಉಳಿದವರ ಅಭಿಪ್ರಾಯ ಅರಿವಿಲ್ಲದೆಯೇ ಅವರ ಕಡೆಗೆ ವಾಲುತ್ತದೆ. ಚೀಟಿಯಲ್ಲಿ ‘ಇಷ್ಟವಾಯಿತೇ’ ಎಂಬ ಪ್ರಶ್ನೆ ಇರಬಾರದು. ನಾಯಕಿ ತಾನಾಗಿ ತೆಗೆದುಕೊಂಡ ಒಂದು ತೀರ್ಮಾನ ಯಾವುದು, ಅದಕ್ಕೆ ಆಕೆ ತೆತ್ತ ಬೆಲೆ ಏನು, ಪುಸ್ತಕದ ನಡುಭಾಗದಲ್ಲಿ ನಿಮ್ಮ ಸಂಶಯ ಯಾರ ಮೇಲಿತ್ತು ಮತ್ತು ಏಕೆ ಎಂದು ಕೇಳಿದರೆ ಸಾಕು. ಎರಡನೆಯ ಪ್ರಶ್ನೆಗೆ ಬಹಳ ಜನ ಉತ್ತರ ಬರೆಯದೆ ಖಾಲಿ ಬಿಟ್ಟರೆ, ಆ ಕಾದಂಬರಿಯ ನಾಯಕಿ ಪುಕ್ಕಟೆಯ ಸ್ವಾತಂತ್ರ್ಯ ಅನುಭವಿಸುತ್ತಿದ್ದಾಳೆ ಎಂದು ತಿಳಿಯಬಹುದು. ಬಿಟ್ಟ ಆ ಜಾಗವನ್ನೂ ಒಂದು ಅಭಿಪ್ರಾಯವೆಂದೇ ಲೆಕ್ಕಕ್ಕೆ ಹಿಡಿಯಿರಿ.

ಸ್ಥಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೆಯೇ ಸೇರಬೇಕು. ಆಳಂದ, ಚಿತ್ತಾಪುರ, ಶಹಾಬಾದ್ ಕಡೆಯಿಂದ ಬರುವ ಹೆಣ್ಣುಮಕ್ಕಳಿಗೆ ವಾಪಸ್ ಹೋಗುವ ಬಸ್ಸು ಸಿಗುವಂತೆ ಹೊತ್ತಿಗೆ ಸರಿಯಾಗಿ ಮುಗಿಸಬೇಕು. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಚರ್ಚಿಸುವ ಸಭೆಯು ಹೆಣ್ಣುಮಕ್ಕಳೇ ಅರ್ಧಕ್ಕೆ ಎದ್ದುಹೋಗುವಂತೆ ನಡೆಯಬಾರದು.

ಚರ್ಚೆಯಲ್ಲಿ ಖಂಡಿತವಾಗಿ ಬರುವ ಮೊದಲ ಆಕ್ಷೇಪ, ‘ಇದು ನಂಬುವಂತಿಲ್ಲ’ ಎಂಬುದು. ‘ರಾತ್ರಿ ಒಬ್ಬಾಕೇ ಹಿಂಗ ಹೊರಗ ಹೋಗ್ಲಾಕ ಆಗ್ತದೇನ್ರಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಳಗ ನಡೆಸುವವರು ಇದಕ್ಕೆ ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡದೆ, ಆ ಆಕ್ಷೇಪವನ್ನು ಬಿಡಿಸಿ ನೋಡಲು ನೆರವಾಗಬೇಕು. ಹೆಣ್ಣು ಪತ್ತೇದಾರಿಯ ಕಲ್ಪನೆಯೇ ಈ ಕಾಲದ ಲೇಖಕರ ಸೃಷ್ಟಿ ಎಂದು ಹೇಳುವವರಿದ್ದರೆ, 1864ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಹೆಣ್ಣು ಪತ್ತೇದಾರಿಯನ್ನು ನಾಯಕಿಯನ್ನಾಗಿಸಿದ ಕಥಾಸಂಕಲನಗಳು ಪ್ರಕಟವಾಗಿದ್ದವು, 1894ರಲ್ಲಿ ಕ್ಯಾಥರೀನ್ ಲೂಯಿಸಾ ಪರ್ಕಿಸ್ ಎಂಬ ಲೇಖಕಿ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದು ಬದುಕುವ ಲವ್‌ಡೇ ಬ್ರೂಕ್ ಎಂಬ ನಾಯಕಿಯ ಕಥೆಗಳನ್ನು ಪುಸ್ತಕವಾಗಿ ತಂದಿದ್ದರು ಎಂದು ತಿಳಿಸಬೇಕು. ಕಥೆಯೊಳಗಿನ ನಡವಳಿಕೆಯ ಬಗ್ಗೆ ಆಕ್ಷೇಪವಿದ್ದರೆ, ಯಾವ ವರ್ಗದ ಹೆಣ್ಣು ಎಂದು ಕೇಳಬೇಕು. ಶ್ರೀಮಂತರ ಮನೆಯ ಅವಿವಾಹಿತ ಯುವತಿ ಜೊತೆಗೊಬ್ಬ ಹಿರಿಯ ಹೆಂಗಸಿಲ್ಲದೆ ಹೊರಟರೆ ಮಾತು ಬರುತ್ತಿತ್ತು, ನಿಜ. ಆದರೆ ಕಾರ್ಖಾನೆಯಿಂದ ಮರಳುವ ಕೆಲಸಗಾರ್ತಿ, ಹೂವು ಮಾರುವವಳು, ಬಟ್ಟೆ ಹೊಲಿದು ಕೊಟ್ಟು ಬರುವವಳು ಅದೇ ಕತ್ತಲೆಯ ಬೀದಿಗಳಲ್ಲಿ ಒಬ್ಬರೇ ನಡೆಯುತ್ತಿದ್ದರು, ಅವರ ಜೊತೆಗೆ ಬರಲು ಯಾರೂ ಇರಲಿಲ್ಲ.

ಈ ಹಂತದಲ್ಲಿ ನಾನು ತಪ್ಪದೆ ಕೇಳಿಸುವ ಪ್ರಶ್ನೆಯೊಂದಿದೆ: ನಾಯಕಿ ಜಾಡು ಹಿಡಿದು ಊರೆಲ್ಲ ಸುತ್ತುತ್ತಿರುವಾಗ ಆಕೆಯ ಮನೆಯ ಒಲೆ ಹಚ್ಚುವವರು ಯಾರು? ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳ ಅತಿ ದೊಡ್ಡ ಉದ್ಯೋಗ ಮನೆಗೆಲಸವೇ ಆಗಿತ್ತು. ಕಾದಂಬರಿಯಲ್ಲಿ ಆ ಕೆಲಸದವಳಿಗೆ ಹೆಸರಿದೆಯೇ, ಆಕೆ ಕಂಡದ್ದನ್ನು ನಾಯಕಿ ಕೇಳಿಸಿಕೊಳ್ಳುತ್ತಾಳೆಯೇ, ತನಿಖೆಯ ಹೆಸರಿನಲ್ಲಿ ಆಕೆಯನ್ನು ಅಪಾಯಕ್ಕೆ ದೂಡಿ ತಾನು ಮಾತ್ರ ಹೊಗಳಿಸಿಕೊಳ್ಳುತ್ತಾಳೆಯೇ ಎಂದು ನೋಡಿದಾಗ ಒಂದು ಮಾಲೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇನ್ನೊಬ್ಬ ಹೆಣ್ಣಿನ ದುಡಿಮೆಯ ಮೇಲೆ ನಿಂತು, ಅದನ್ನು ಒಮ್ಮೆಯೂ ನೆನೆಯದ ನಾಯಕಿಯನ್ನು ನಾನು ಸ್ವತಂತ್ರಳೆಂದು ಒಪ್ಪಲಾರೆ. ಬಳಗದಲ್ಲಿ ಇದನ್ನು ಒಪ್ಪದವರಿದ್ದಾರೆ. ಆ ಭಿನ್ನಮತವನ್ನು ಬರೆದಿಟ್ಟುಕೊಳ್ಳುವುದು ಅಗತ್ಯ.

ನಮ್ಮ ಭಾಗದಲ್ಲಿ ಇನ್ನೊಂದು ಹೋಲಿಕೆಯೂ ಸಹಜವಾಗಿ ಬರುತ್ತದೆ. ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣ ನೆರೆಯಲ್ಲೇ ಇರುವಾಗ, ಹನ್ನೆರಡನೆಯ ಶತಮಾನದಲ್ಲಿ ಮನೆ, ಒಡವೆ, ಉಡುಗೆಗಳನ್ನೆಲ್ಲ ತೊರೆದು ಕಲ್ಯಾಣಕ್ಕೆ ನಡೆದು ಬಂದು ಅಲ್ಲಮಪ್ರಭುವಿನ ಪ್ರಶ್ನೆಗಳನ್ನು ಎದುರಿಸಿದ ಅಕ್ಕಮಹಾದೇವಿಯ ಮುಂದೆ ಈ ಇಂಗ್ಲಿಷ್ ನಾಯಕಿ ಯಾವ ಲೆಕ್ಕ ಎಂದು ಹಿರಿಯ ಓದುಗರು ಕೇಳುವುದುಂಟು. ಆ ಮಾತನ್ನು ತಡೆಯಬಾರದು. ಆದರೆ ಅಕ್ಕ ಲೋಕದ ವ್ಯವಹಾರವನ್ನೇ ಬಿಟ್ಟು ಹೊರಟವಳು. ಪತ್ತೇದಾರಿ ನಾಯಕಿ ಅದೇ ವ್ಯವಹಾರದ ನಡುವೆ, ವಕೀಲರು, ಪೊಲೀಸರು, ಅತ್ತೆ ಮಾವಂದಿರ ನಡುವೆ ತನಗೊಂದು ಜಾಗ ಮಾಡಿಕೊಳ್ಳಬೇಕಾದವಳು ಎಂಬ ಭೇದವನ್ನು ನೆನಪಿಸಿ, ಹೋಲಿಕೆಯನ್ನು ಚೀಟಿಯ ಹಿಂದೆ ಬರೆದುಕೊಂಡು ಮುಂದಕ್ಕೆ ಸಾಗುವುದು ಲೇಸು.

ನಾಯಕಿಯ ಗುಣಾವಗುಣಗಳಲ್ಲೇ ಮುಳುಗಿ ರಹಸ್ಯವನ್ನು ಮರೆಯುವ ಅಪಾಯವೂ ಇದೆ. ಇದು ಮೊದಲಿಗೆ ಪತ್ತೇದಾರಿ ಕಾದಂಬರಿ. ಸುಳಿವುಗಳು ಓದುಗರ ಕಣ್ಣ ಮುಂದೆಯೇ ಇದ್ದವೇ, ನಾಯಕಿ ಅವುಗಳನ್ನು ತನ್ನ ಬುದ್ಧಿಯಿಂದ ಜೋಡಿಸಿದಳೇ, ಅಥವಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಮಾತಿನಿಂದ, ಕೊನೆಗೆ ಗಂಡಸೊಬ್ಬ ಓಡಿಬಂದು ಕಾಪಾಡಿದ್ದರಿಂದ ಎಲ್ಲವೂ ಬಗೆಹರಿಯಿತೇ ಎಂದು ಪರಿಶೀಲಿಸಬೇಕು. ಚೀಟಿಯ ಮೂರನೆಯ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಎಲ್ಲರೂ ನಡುಭಾಗದಲ್ಲೇ ನಿಜವಾದ ಅಪರಾಧಿಯನ್ನು ಹೆಸರಿಸಿದ್ದರೆ ಕಥೆಯ ಹೆಣಿಗೆ ಸಡಿಲ. ಒಬ್ಬರೂ ಹೆಸರಿಸದೆ, ಪುಸ್ತಕವನ್ನು ತಿರುಗಿ ನೋಡಿದರೂ ಸುಳಿವು ಸಿಗದಿದ್ದರೆ ಲೇಖಕರು ಓದುಗರಿಗೆ ಮೋಸ ಮಾಡಿದ್ದಾರೆ. ವಿಷದ ಕಥೆಯಾದರೆ 1851ರ ಕಾಯ್ದೆಯನ್ನು ನೆನೆಯಬಹುದು: ಆ ವರ್ಷದಿಂದ ಆರ್ಸೆನಿಕ್ ಮಾರುವವರು ಕೊಂಡವರ ವಿವರವನ್ನು ಪುಸ್ತಕದಲ್ಲಿ ಬರೆದು ಸಹಿ ಪಡೆಯಬೇಕಿತ್ತು. ಆ ದಾಖಲೆಯನ್ನು ಯಾರೂ ನೋಡಲು ಹೋಗದ ಕಾದಂಬರಿಯ ತನಿಖೆ ದುರ್ಬಲವೆಂದೇ ಹೇಳಬೇಕು.

ಪ್ರೇಮದ ಎಳೆಯ ಬಗ್ಗೆ ಓದುಗರು ಎರಡು ಪಾಲಾಗುತ್ತಾರೆ, ಅದನ್ನು ಒಂದುಗೂಡಿಸಲು ಹೋಗಬೇಡಿ. ಕೆಲವರು ಪುಸ್ತಕದಿಂದ ಪುಸ್ತಕಕ್ಕೆ ನಿಧಾನವಾಗಿ ಬೆಳೆಯುವ ಆ ಸಂಬಂಧಕ್ಕಾಗಿಯೇ ಮಾಲೆಯನ್ನು ಹಿಡಿದು ಕೂರುತ್ತಾರೆ, ಕೆಲವರಿಗೆ ಅದು ತನಿಖೆಗೆ ಅಡ್ಡ ಬಂದಂತೆ ತೋರುತ್ತದೆ. ಅಭಿಪ್ರಾಯ ಹೇಳುವವರು ಮಾಲೆಯ ಎಷ್ಟನೆಯ ಪುಸ್ತಕದವರೆಗೆ ಓದಿದ್ದಾರೆಂದು ಬರೆದುಕೊಂಡರೆ ಸಾಕು. ಮದುವೆಯ ನಂತರ ನಾಯಕಿಯ ಹಣ, ಹೆಸರು, ಹೊರಗೆ ಹೋಗುವ ಅವಕಾಶಗಳು ಏನಾದವು ಎಂಬುದನ್ನು ಮಾತ್ರ ಕೇಳಲೇಬೇಕು. ಕಥೆ 1882ಕ್ಕಿಂತ ಹಿಂದಿನದೋ ಮುಂದಿನದೋ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ.

ಕೊನೆಯದಾಗಿ, ಈ ಮಾಲೆಗಳಲ್ಲಿ ನಮ್ಮ ದೇಶ ಹೇಗೆ ಬರುತ್ತದೆ ಎಂಬ ವಿಚಾರ. ಭಾರತದಿಂದ ಮರಳಿದ ಸೈನಿಕ, ದೇವರ ವಿಗ್ರಹದಿಂದ ಕಿತ್ತ ರತ್ನ, ಹೆಸರಿಲ್ಲದ ವಿಷ ಇವೆಲ್ಲ ಹಳೆಯ ಸರಕುಗಳು. 1868ರಲ್ಲಿ ವಿಲ್ಕೀ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿಯ ವಜ್ರ ಕಳುವಾಗುವುದೇ 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದಾಗ. ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ಯಾದಗಿರಿ ಜಿಲ್ಲೆಯ ಸುರಪುರದಲ್ಲಿದೆ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನ ಓದುಗರನ್ನು ಸೆಳೆದ ಮೆಡೋಸ್ ಟೇಲರ್ 1840ರ ದಶಕದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ, ಆತನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲೆ ನಿಂತಿದೆ. ಬಾಲರಾಜನ ತಾಯಿ ರಾಣಿ ಈಶ್ವರಮ್ಮನೊಂದಿಗಿನ ತಿಕ್ಕಾಟವನ್ನು ಆತ ತನ್ನ ಆತ್ಮಕಥೆಯಲ್ಲಿ ತನ್ನ ಕಡೆಯಿಂದಲೇ ಬರೆದಿದ್ದಾನೆ. ಲಂಡನ್ನಿನ ಹೆಣ್ಣು ಹಟ ಹಿಡಿದರೆ ಸ್ವಾತಂತ್ರ್ಯ, ಸುರಪುರದ ರಾಣಿ ಹಟ ಹಿಡಿದರೆ ಕುತಂತ್ರ ಎಂದು ಬರೆಯುವ ಕಣ್ಣು ಯಾರದು ಎಂಬ ಪ್ರಶ್ನೆಯನ್ನು ನಮ್ಮ ಓದುಗರಿಗಿಂತ ಚೆನ್ನಾಗಿ ಕೇಳಬಲ್ಲವರು ಯಾರು? ಆದ್ದರಿಂದ ಕಾದಂಬರಿಯಲ್ಲಿ ಭಾರತದ ಪಾತ್ರ ಬಂದ ಪುಟಗಳನ್ನು ಗುರುತು ಹಾಕಿಕೊಂಡು ಬಂದು, ಆ ಪಾತ್ರಕ್ಕೆ ತನ್ನದೇ ಮಾತಿದೆಯೇ ಎಂದು ಸಭೆಯಲ್ಲಿ ಓದಿ ನೋಡಬೇಕು.

ಅಭಿಪ್ರಾಯಗಳನ್ನು ಒಂದು ಪುಟಕ್ಕೆ ಇಳಿಸುವಾಗ ಅಪರಾಧಿಯ ಹೆಸರನ್ನಾಗಲಿ, ಕೊನೆಯ ತಿರುವನ್ನಾಗಲಿ ಬರೆಯಬಾರದು. ‘ಬಳಗಕ್ಕೆ ಇಷ್ಟವಾಯಿತು’ ಎಂಬ ಒಟ್ಟು ತೀರ್ಪು ಬೇಡ. ತನಿಖೆಯ ಜಾಣ್ಮೆಯನ್ನು ಮುಖ್ಯವೆಂದು ಭಾವಿಸಿದವರು ಹೀಗೆ ಹೇಳಿದರು, ಪ್ರೇಮದ ಎಳೆಗಾಗಿ ಓದಿದವರು ಹೀಗೆ, ಕಾಲದ ನಿಖರತೆಯನ್ನು ಹುಡುಕಿದವರು ಹೀಗೆ ಎಂದು ಬೇರೆಬೇರೆಯಾಗಿ ದಾಖಲಿಸಿ, ಒಬ್ಬರೇ ಹೇಳಿದ ಮಾತಾದರೂ ಕಾರಣ ಸಹಿತ ಇದ್ದರೆ ಅದಕ್ಕೆ ಪೂರ್ಣ ಸಾಲು ಕೊಡಬೇಕು. ಆ ಪುಟವನ್ನು ಪುಸ್ತಕದ ಪ್ರತಿಯ ಒಳಗೇ ಇಟ್ಟರೆ ಸರದಿಯಲ್ಲಿ ಮುಂದಿನವರಿಗೆ ಸಿಗುತ್ತದೆ, ಮಾಲೆಯ ಎರಡನೆಯ ಕಾದಂಬರಿಯನ್ನು ಕೊಳ್ಳಬೇಕೇ ಎಂಬುದನ್ನು ಅದನ್ನು ಓದಿಯೇ ತೀರ್ಮಾನಿಸಬಹುದು.