ಸಣ್ಣ ಹೋಟೆಲಿನ ಒಳಾಂಗಣ: ಕುರ್ಚಿಯಲ್ಲಿ ಕೂತು ನೋಡಿ ಮಾಡಿದ್ದು

ಹೋಟೆಲ್ ಒಳಾಂಗಣದ ಫೋಟೋಗಳನ್ನೆಲ್ಲ ನಿಂತುಕೊಂಡೇ ತೆಗೆದಿರುತ್ತಾರೆ. ಊಟಕ್ಕೆ ಬಂದವರು ಮಾತ್ರ ಬಾಗಿಲಿಂದ ಟೇಬಲ್ಲಿಗೆ ಬರುವ ಅರೆ ನಿಮಿಷ ಬಿಟ್ಟರೆ ಉಳಿದ ಹೊತ್ತೆಲ್ಲ ಕೂತೇ ಇರುತ್ತಾರೆ. ನನ್ನ ಹೋಟೆಲಿನ ಒಳಗನ್ನು ನಾನೇ ಮುಂದೆ ನಿಂತು ಮಾಡಿಸಲು ಹೊರಟಾಗ ಹಾಕಿಕೊಂಡ ನಿಯಮ ಒಂದೇ: ಕುರ್ಚಿಯಲ್ಲಿ ಕೂತು ನೋಡದೆ ಯಾವುದಕ್ಕೂ ಒಪ್ಪಬಾರದು. ಕೂತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ಗೋಡೆ, ದೀಪ, ಕನ್ನಡಿ, ಬಾಗಿಲು ಎಲ್ಲದರ ಎತ್ತರವನ್ನೂ ಈ 4 ಅಡಿಗೆ ಹೊಂದಿಸುತ್ತಾ ಹೋದೆ.

ನಮ್ಮ ಊಟದ ಹಾಲ್ 14 ಅಡಿ ಅಗಲ, 28 ಅಡಿ ಉದ್ದ. ಅಡುಗೆಮನೆ ಅದರ ಹಿಂದೆ, ಬೇರೆ. ಅಂದರೆ ಕೂರುವ ಜಾಗ 392 ಚದರ ಅಡಿ. ಸಾಧಾರಣ ಹೋಟೆಲಿನಲ್ಲಿ ಒಬ್ಬರಿಗೆ 12ರಿಂದ 15 ಚದರ ಅಡಿ ಹಿಡಿಯುವುದು ರೂಢಿ. ಓಡಾಡುವ ದಾರಿಯೂ ಅದರೊಳಗೇ ಸೇರುತ್ತದೆ. 12ರ ಲೆಕ್ಕದಲ್ಲಿ 32 ಜನರನ್ನು ತುಂಬಬಹುದಿತ್ತು. ನಾನು 27ಕ್ಕೆ ನಿಲ್ಲಿಸಿದೆ. ಇದರಲ್ಲಿ ಧಾರಾಳತನವೇನೂ ಇಲ್ಲ, ವ್ಯಾಪಾರದ ಲೆಕ್ಕವೇ. 32 ಕುರ್ಚಿ ತುರುಕಿದರೆ ಸಪ್ಲೈಯರ್ ಅಡ್ಡಡ್ಡ ನುಸುಳಿಕೊಂಡು ಹೋಗಬೇಕು. ಒಂದು ಟೇಬಲ್ ಒರೆಸಲು ಪಕ್ಕದವರು ಏಳಬೇಕು. ಅಷ್ಟರಲ್ಲಿ ಬಾಗಿಲಲ್ಲಿ ಕಾಯುತ್ತಿದ್ದವರು ಬೇರೆ ಕಡೆ ಹೋಗಿರುತ್ತಾರೆ.

ಬಡಗಿಯನ್ನು ಕರೆಯುವ ಮುಂಚೆ ಖಾಲಿ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ನಕ್ಷೆ ಬರೆದೆ. ಟೇಬಲ್ಲುಗಳಿಗೆ ರಟ್ಟಿನ ಹಲಗೆ ಕತ್ತರಿಸಿ, ಖಾಲಿ ಪೆಟ್ಟಿಗೆಗಳ ಮೇಲೆ ಇಟ್ಟೆ. ಕುರ್ಚಿ ಎರವಲು ತಂದೆ. ಆಮೇಲೆ ದಪ್ಪನೆಯ ಗೆಳೆಯರನ್ನೇ ಹುಡುಕಿ ಕರೆದು ಕೂರಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. ನಾನು ನೀರು ತುಂಬಿದ ಲೋಟಗಳ ಟ್ರೇ ಹಿಡಿದು ಅವರ ಬೆನ್ನ ಹಿಂದೆ ಓಡಾಡಿದೆ. ಕಾಗದದ ಮೇಲಿನ ನಕ್ಷೆಯಲ್ಲಿ ಕುರ್ಚಿ ಯಾವಾಗಲೂ ಟೇಬಲ್ ಒಳಗೇ ಸೇರಿಕೊಂಡಿರುತ್ತದೆ. ಮನುಷ್ಯ ಕೂತಾಗ ಟೇಬಲ್ ಅಂಚಿನಿಂದ ಹಿಂದಕ್ಕೆ 18ರಿಂದ 20 ಇಂಚು ಹೋಗುತ್ತದೆ. ಅವನು ಏಳುವಾಗ ಕುರ್ಚಿ ಇನ್ನೂ ಒಂದು ಅಡಿ ಹಿಂದೆ ಸರಿಯುತ್ತದೆ. ಆಗಲೂ ದಾರಿ 3 ಅಡಿ ಉಳಿದಿರಬೇಕು. ಗಾಲಿಕುರ್ಚಿ ಬರಲೂ ಅಷ್ಟು ಬೇಕೇ ಬೇಕು. ಈ ಒಂದು ಅಳತೆ ಹಾಲ್‌ನ ಉಳಿದ ಎಲ್ಲವನ್ನೂ ತೀರ್ಮಾನಿಸಿಬಿಟ್ಟಿತು.

ಎರಡೂ ಕಡೆ ಕುರ್ಚಿ ಹಾಕಿದರೆ 14 ಅಡಿ ಸಾಲುವುದಿಲ್ಲ ಅಂತ ಸೀಮೆಸುಣ್ಣದ ಗೆರೆಯಲ್ಲೇ ಗೊತ್ತಾಯಿತು. ಹಾಗಾಗಿ ಎಡಗೋಡೆಯ ಉದ್ದಕ್ಕೂ 18 ಅಡಿಯ ಬೆಂಚು. ಬೆಂಚು ಹಿಂದೆ ಸರಿಯುವುದಿಲ್ಲ, ಅದರ ಹಿಂದೆ ಯಾರೂ ನಡೆಯುವುದೂ ಇಲ್ಲ. ಉಳಿತಾಯ ಆಗುವುದು ಅಲ್ಲಿಯೇ. ಅದರ ಮುಂದೆ ಇಬ್ಬರು ಕೂರುವ 6 ಟೇಬಲ್, ಆಚೆ ಬದಿಗೆ ಕುರ್ಚಿ. ಬಲಗೋಡೆಗೆ ನಾಲ್ವರು ಕೂರುವ 3 ಟೇಬಲ್ಲುಗಳನ್ನು ಕಿರಿದಾದ ಬದಿ ಗೋಡೆಗೆ ತಾಗುವಂತೆ ಇಟ್ಟೆ. ಹೀಗಿಟ್ಟರೆ ಅವುಗಳ ಕುರ್ಚಿಗಳು ಹಾಲ್‌ನ ಉದ್ದಕ್ಕೆ ಸರಿಯುತ್ತವೆ, ದಾರಿಗೆ ಬರುವುದಿಲ್ಲ. ನಡುವೆ 4 ಅಡಿಗೂ ತುಸು ಜಾಸ್ತಿ ದಾರಿ ಸಿಕ್ಕಿತು. ಮುಂದಿನ ಕಿಟಕಿಗೆ ಒಂದು ಕಿರಿದಾದ ಕಟ್ಟೆ ಹಲಗೆ, ಮೂರು ಸ್ಟೂಲು. ಒಬ್ಬರೇ ಬರುವವರು ಬೀದಿ ನೋಡುತ್ತಾ ಕೂರಲಿ ಅಂತ.

ಬೆಂಚಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಸಣ್ಣ ಹೋಟೆಲಿನಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಸಾಮಾನು ಇನ್ನೊಂದಿಲ್ಲ. ಪ್ಲೈವುಡ್ ಪೆಟ್ಟಿಗೆಯ ಎತ್ತರ ಹದಿನೈದೂವರೆ ಇಂಚು, ಮೇಲೆ 3 ಇಂಚಿನ ಗಟ್ಟಿ ಫೋಮ್. ಕೂತಾಗ ಫೋಮ್ ಸ್ವಲ್ಪ ಕುಸಿದು 18ರ ಹತ್ತಿರ ಬರುತ್ತದೆ. ಎದುರಿನ ಕುರ್ಚಿಯ ಎತ್ತರವೂ 18. ಮೆತ್ತನೆಯ ಫೋಮ್ ಹಾಕಿದರೆ ಬೆಂಚಿನವರು ಕೆಳಗೆ, ಕುರ್ಚಿಯವರು ಮೇಲೆ. ಊಟದುದ್ದಕ್ಕೂ ಒಬ್ಬರು ಇನ್ನೊಬ್ಬರನ್ನು ತಲೆಯೆತ್ತಿ ನೋಡುತ್ತಾ ಮಾತಾಡಬೇಕಾಗುತ್ತದೆ. ಕೂರುವ ಆಳವೂ 18 ಇಂಚು. ಒರಗುವ ಹಲಗೆ ಹಿಂದಕ್ಕೆ ತುಸುವೇ ವಾಲಿದೆ. ಜಾಸ್ತಿ ವಾಲಿದರೆ ತಟ್ಟೆ ದೂರವಾಗುತ್ತದೆ. ಪೆಟ್ಟಿಗೆಯ ಕೆಳಗಡೆ 4 ಇಂಚು ಒಳಕ್ಕೆ ಕತ್ತರಿಸಿ ಹಿಮ್ಮಡಿಗೆ ಜಾಗ ಬಿಡಿಸಿದೆ. ಏಳುವಾಗ ನಮ್ಮ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ. ಆ ಜಾಗ ಇಲ್ಲದಿದ್ದರೆ ಎಲ್ಲರೂ ಟೇಬಲ್ ಒತ್ತಿ ಹಿಡಿದೇ ಏಳುತ್ತಾರೆ, ಟೇಬಲ್ ಮೇಲಿನ ನೀರು ಚೆಲ್ಲುತ್ತದೆ.

ಕೂರುವ ದಿಂಬನ್ನು ಒಂದೇ ಉದ್ದನೆಯ ಪಟ್ಟಿಯಾಗಿ ಮಾಡಿಸಲಿಲ್ಲ. 3 ಅಡಿಯ ತುಂಡುಗಳು, ಕೆಳಗೆ ವೆಲ್ಕ್ರೋ. ಒಂದು ಹರಿದರೆ ಅದೊಂದನ್ನೇ ಬದಲಾಯಿಸಬಹುದು. ತುಂಡು ಎತ್ತಿದರೆ ಕೆಳಗೆ ಮುಚ್ಚಳ, ಅದರೊಳಗೆ ಟಿಶ್ಯೂ ಪೆಟ್ಟಿಗೆ, ಮಕ್ಕಳ ಕುರ್ಚಿ, ಬಲ್ಬುಗಳು. ದಿಂಬಿಗೂ ಒರಗುವ ಹಲಗೆಗೂ ನಡುವೆ ಒಂದು ಇಂಚು ಸಂದು ಬಿಡಿ ಅಂದಾಗ ಬಡಗಿಗೆ ವಿಚಿತ್ರ ಅನಿಸಿತು. ಆ ಮೂಲೆಯಲ್ಲೇ ಅಲ್ವಾ ಅನ್ನ, ಪುಡಿ, ಚಿಲ್ಲರೆ ಕಾಸು ಎಲ್ಲಾ ಸೇರುವುದು? ಸಂದು ಇದ್ದರೆ ಬ್ರಷ್ ಹೋಗುತ್ತದೆ, ಇಲ್ಲದಿದ್ದರೆ ವಾಸನೆ ಹಿಡಿಯುತ್ತದೆ.

ಇಬ್ಬರ ಟೇಬಲ್ 24 ಇಂಚು ಅಗಲ, 30 ಇಂಚು ಉದ್ದ. ನಾಲ್ವರದು 30ಕ್ಕೆ 48. ಎರಡು ಚಿಕ್ಕವನ್ನು ಜೋಡಿಸಿದರೆ ಸರಿಯಾಗಿ ಒಂದು ದೊಡ್ಡದರ ಅಳತೆ. ಎಲ್ಲದರ ಎತ್ತರವೂ 30. ಹೋಟೆಲಿಗೆ ಜೋಡಿಯಾಗಿ ಬರುವವರೇ ಜಾಸ್ತಿ. ಇಬ್ಬರು ನಾಲ್ವರ ಟೇಬಲ್ಲಿನಲ್ಲಿ ಕೂತರೆ ಎರಡು ಕುರ್ಚಿ ಸುಮ್ನೆ ಖಾಲಿ. ಬೆಂಚಿನ ಮುಂದಿನ ಟೇಬಲ್ಲುಗಳಿಗೆ ನಾಲ್ಕು ಕಾಲು ಬೇಡ, ನಡುವೆ ಒಂದೇ ಕಂಬ ಇರಲಿ. ಒಳಗೆ ಸರಿದು ಕೂರುವಾಗ ಮೊಣಕಾಲಿಗೆ ಏನೂ ತಾಗುವುದಿಲ್ಲ. ಕಂಬದ ತಳ ಭಾರವಾಗಿರಬೇಕು, ಅದಕ್ಕೆ ತಿರುಗಿಸಿ ಎತ್ತರ ಸರಿಪಡಿಸುವ ಪಾದಗಳೂ ಬೇಕು. ಟೇಬಲ್ ಅಲುಗಾಡಿದರೆ ಕೆಳಗೆ ಕಾಗದ ಮಡಿಸಿ ಇಡುವ ಹೋಟೆಲಿನ ಅಲಂಕಾರ ಯಾರಿಗೂ ನೆನಪಿರುವುದಿಲ್ಲ. ಹಲಗೆಯ ಅಡಿಗೆ ಒಂದೊಂದು ಕೊಕ್ಕೆ ಹೊಡೆಸಿದೆ, ಬ್ಯಾಗ್ ತೂಗು ಹಾಕಲು. ಇಲ್ಲದಿದ್ದರೆ ಬ್ಯಾಗುಗಳೆಲ್ಲ ದಾರಿಯಲ್ಲಿ ಕೂರುತ್ತವೆ.

ಇನ್ನು ಕಣ್ಣಿಗೆ ಬೀಳುವ ಸಂಗತಿಗಳು. ರಟ್ಟಿನ ಟೇಬಲ್ಲುಗಳು ಇದ್ದಾಗಲೇ ಒಂದೊಂದು ಕುರ್ಚಿಯಲ್ಲಿ ಕೂತು ಎದುರಿಗೆ ಏನು ಕಾಣುತ್ತದೆ ಅಂತ ಬರೆದುಕೊಂಡೆ. ಹಾಲ್‌ನ ಹಿಂಬದಿಗೆ ಮುಖ ಮಾಡಿದವರಿಗೆ ಎಂಜಲು ತಟ್ಟೆಯ ಟಬ್ಬು ಕಾಣುತ್ತಿತ್ತು. ಅದರ ಮುಂದೆ ನಾಲ್ಕೂವರೆ ಅಡಿಯ ಮೋಟು ಗೋಡೆ ಎಬ್ಬಿಸಿದೆ. ಕೂತವರಿಗೆ ಟಬ್ಬು ಮರೆ, ನಿಂತ ಸಪ್ಲೈಯರ್‌ಗೆ ಇಡೀ ಹಾಲ್ ಕಾಣುತ್ತದೆ. ಲೋಟ, ಚಮಚ, ನೀರಿನ ಜಗ್ ಎಲ್ಲವೂ ಅದರ ಹಿಂದೆಯೇ. ಟಾಯ್ಲೆಟ್ ಬಾಗಿಲು ತೆರೆದಾಗಲೆಲ್ಲ ಎರಡು ಟೇಬಲ್ಲಿನವರಿಗೆ ಒಳಗಿನ ಸಿಂಕ್ ಕಾಣುತ್ತಿತ್ತು. ಬಾಗಿಲಿನ ತಿರುಗಣೆಯನ್ನು ಎಡದಿಂದ ಬಲಕ್ಕೆ ಹಾಕಿಸಿದೆ, ಅಷ್ಟೇ. ಈಗ ತೆರೆದ ಬಾಗಿಲೇ ಮರೆಯಾಗುತ್ತದೆ.

ಸಣ್ಣ ಜಾಗಕ್ಕೆ ಕನ್ನಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ, ಯಾವ ಎತ್ತರಕ್ಕೆ ಅಂತ ಯಾರೂ ಹೇಳುವುದಿಲ್ಲ. ಬೆಂಚಿನ ಮೇಲಿನ ಗೋಡೆಗೆ ಕನ್ನಡಿಯನ್ನು ಕೂತವರ ಕಣ್ಣಿನ ಮಟ್ಟದಲ್ಲೇ ಹಾಕಿದರೆ ಎದುರಿನ ಕುರ್ಚಿಯವರು ತಾವು ಅಗಿಯುವುದನ್ನು ತಾವೇ ನೋಡುತ್ತಾ ಉಣ್ಣಬೇಕು. ಯಾರಿಗೆ ಬೇಕು ಅದು? ನಮ್ಮ ಕನ್ನಡಿ ನಾಲ್ಕೂವರೆ ಅಡಿಯಿಂದ ಶುರುವಾಗುತ್ತದೆ. ಮೇಲಂಚು ಗೋಡೆಯಿಂದ ತುಸು ಮುಂದಕ್ಕೆ ಬಾಗಿದೆ. ಹೀಗಾಗಿ ಗೋಡೆ ನೋಡಿ ಕೂತವರಿಗೂ ತಮ್ಮ ಹಿಂದಿನ ಹಾಲ್ ಕಾಣುತ್ತದೆ, ಯಾರು ಬಂದರು, ಯಾರು ಹೋದರು ಗೊತ್ತಾಗುತ್ತದೆ. ಕನ್ನಡಿಯಲ್ಲಿ ಅಡುಗೆಮನೆ ಬಾಗಿಲು ಬೀಳದಂತೆ ಅದರ ಉದ್ದವನ್ನು ಹಿಂಬದಿಯಲ್ಲಿ ಮೊಟಕು ಮಾಡಿದೆ. ಕುರ್ಚಿಗಳ ಬೆನ್ನೂ ಗಿಡ್ಡವೇ, ಕೈ ಇಲ್ಲದವು. ಎತ್ತರದ ಬೆನ್ನಿನ ಕುರ್ಚಿ ಸಾಲಾಗಿ ಇಟ್ಟರೆ ಸಣ್ಣ ಹಾಲ್ ಇನ್ನೂ ಸಣ್ಣದಾಗುತ್ತದೆ.

ದೀಪಕ್ಕೆ ಬೆಳ್ಳಗಿನ ಟ್ಯೂಬ್‌ಲೈಟ್ ಸಾಕು ಅನ್ನುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ. ಒಂದೇ ತಟ್ಟೆ ಊಟವನ್ನು ಎರಡು ದೀಪದ ಕೆಳಗೆ ಇಟ್ಟು ತೋರಿಸುತ್ತೇನೆ. ಬಲ್ಬಿನ ಡಬ್ಬದ ಮೇಲೆ ಎರಡು ವಿಷಯ ನೋಡಬೇಕು. ಒಂದು, ಬೆಳಕಿನ ಬಣ್ಣ: 2700ರಿಂದ 3000 ಕೆಲ್ವಿನ್, ಅಂದರೆ ಹಳದಿ ಕಡೆಗಿನ ಬೆಚ್ಚನೆಯ ಬೆಳಕು. ಇನ್ನೊಂದು ಸಿಆರ್‌ಐ, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ. ಊಟದ ಮೇಲೆ ಬೀಳುವ ದೀಪಕ್ಕೆ 90ಕ್ಕಿಂತ ಕಡಿಮೆ ಬೇಡ. ಅದು ಕಡಿಮೆ ಇದ್ದರೆ ಕೆಂಪು ಮಂಕಾಗುತ್ತದೆ, ಹಸಿರು ಸೊಪ್ಪು ಬಾಡಿದಂತೆ ಕಾಣುತ್ತದೆ, ಊಟ ಬಿಸಿ ಬಿಸಿಯಾಗಿದ್ದರೂ.

ನಾಲ್ವರ ಟೇಬಲ್ಲುಗಳ ಮೇಲೆ ತೂಗುದೀಪ ಬಿಟ್ಟಿದ್ದೇನೆ. ಹಲಗೆಯಿಂದ ದೀಪದ ಬಾಯಿಗೆ 30 ಇಂಚು, ನೆಲದಿಂದ 5 ಅಡಿ. ಕೂತವರ ಕಣ್ಣಿಗಿಂತ ಮೇಲೆ, ಎದುರಿನವರ ಮುಖಕ್ಕೆ ಅಡ್ಡವಿಲ್ಲ. ಬಲ್ಬು ಬುರುಡೆಯೊಳಗೆ ಆಳಕ್ಕೆ ಹುದುಗಿರಬೇಕು, ಇಲ್ಲದಿದ್ದರೆ ಪಕ್ಕದ ಟೇಬಲ್ಲಿನವರ ಕಣ್ಣಿಗೆ ಚುಚ್ಚುತ್ತದೆ. ಇಬ್ಬರ ಟೇಬಲ್ಲುಗಳ ಮೇಲೆ ಮಾತ್ರ ತೂಗುದೀಪ ಹಾಕಲಿಲ್ಲ. ಅವು ದಿನಾ ಸರಿದಾಡುತ್ತವೆ, ದೀಪ ಸರಿಯುವುದಿಲ್ಲವಲ್ಲ! ಅಲ್ಲಿ ಟ್ರ್ಯಾಕ್‌ಗೆ ಸಿಕ್ಕಿಸಿದ, ಬೇಕಾದ ಕಡೆ ತಿರುಗಿಸಬಹುದಾದ ದೀಪಗಳು. ಬೆಂಚಿನ ಗೋಡೆಯನ್ನು ಬೆಳಗಲು ಬೇರೆ ಸಾಲು. ಎಲ್ಲಕ್ಕೂ ಡಿಮ್ಮರ್, ಅಂದರೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್ಚು. ಎಲ್‌ಇಡಿಗೆ ಡಿಮ್ಮರ್ ಹಾಕುವಾಗ ಬಲ್ಬು, ಅದಕ್ಕೆ ಬೇಕಾದ ಹಾಗೆ ಕರೆಂಟು ಕೊಡುವ ಡ್ರೈವರ್, ಸ್ವಿಚ್ಚು ಮೂರೂ ಒಂದಕ್ಕೊಂದು ಹೊಂದಬೇಕು. ಎಲೆಕ್ಟ್ರಿಷಿಯನ್ ಎದುರಿಗೇ ಪೂರ್ತಿ ತಗ್ಗಿಸಿ ನೋಡಿ, ಹೊಂದದಿದ್ದರೆ ಮಿಣುಕಾಡುತ್ತದೆ.

ಇನ್ನು ಗದ್ದಲ. ಗಾಜು, ಟೈಲ್ಸ್, ಬರಿ ಗೋಡೆ ಇರುವ ಸಣ್ಣ ಹಾಲ್‌ನಲ್ಲಿ ಶಬ್ದ ಹೋಗಲು ಜಾಗವೇ ಇಲ್ಲ. ಸುತ್ತ ಗದ್ದಲ ಹೆಚ್ಚಿದಂತೆ ಜನ ತಮಗೆ ಗೊತ್ತಿಲ್ಲದೇ ದನಿ ಏರಿಸುತ್ತಾರೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ವಿವರಿಸಿದ್ದರು. ಒಂದು ಟೇಬಲ್ ದನಿ ಏರಿಸಿದರೆ ಪಕ್ಕದ್ದೂ ಏರಿಸುತ್ತದೆ, ಹಾಲ್ ತುಂಬಿದಾಗ ಎಲ್ಲರೂ ಕೂಗುತ್ತಿರುತ್ತಾರೆ. ಖಾಲಿ ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಶಬ್ದ ಝಣಝಣ ಎಂದು ಉಳಿದರೆ ಏನಾದರೂ ಮಾಡಲೇಬೇಕು.

ನಾನು ಮಾಡಿದ್ದು ಇಷ್ಟು: 2 ಇಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಹಲಗೆಗಳಿಗೆ ಬೆಂಕಿ ಹತ್ತಿಕೊಳ್ಳದ ಬಟ್ಟೆ ಸುತ್ತಿಸಿ, ಅವನ್ನು ಚಾವಣಿಗೆ ಅಂಟಿಸದೆ 2 ಇಂಚು ಕೆಳಗೆ ತೂಗು ಹಾಕಿದೆ. ಹಿಂದೆ ಗಾಳಿ ಇರುವ ಆ ಸಂದಿನಿಂದ ದಪ್ಪ ದನಿಯೂ ಇನ್ನಷ್ಟು ಹೀರಿಕೊಳ್ಳುತ್ತದೆ. ಬಾಗಿಲಿನ ಎದುರು ಗೋಡೆಯ ಮೇಲ್ಭಾಗಕ್ಕೂ ಎರಡು ಹಾಕಿದೆ, ನೋಡುವವರಿಗೆ ಅವು ಚಿತ್ರಪಟದಂತೆ ಕಾಣುತ್ತವೆ. ಗೋಡೆಗೆ ತೆಳುವಾದ ಫೋಮ್ ಅಂಟಿಸಿ ಕೆಲಸ ಮುಗಿಯಿತು ಅನ್ನುವವರ ಮಾತು ಕೇಳಬೇಡಿ. ತೆಳು ಫೋಮ್ ಕೀರಲು ಶಬ್ದವನ್ನಷ್ಟೇ ಹೀರುತ್ತದೆ, ಅಗ್ಗದ್ದಾದರೆ ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕುರ್ಚಿ ಕಾಲುಗಳಿಗೆ ಫೆಲ್ಟ್ ಹಚ್ಚಿದೆ. ಹಾಡಿಗೆ ಒಂದು ದೊಡ್ಡ ಸ್ಪೀಕರ್ ಬದಲು ನಾಲ್ಕು ಚಿಕ್ಕವು, ಎಲ್ಲವೂ ಮೆತ್ತಗೆ.

ಗಾಳಿಯನ್ನೂ ಕೂತೇ ಪರೀಕ್ಷಿಸಬೇಕು. ಎಸಿ ನೇರ ಕುತ್ತಿಗೆಗೆ ಬೀಸುವ ಕುರ್ಚಿಯಲ್ಲಿ ಯಾರೂ ಎರಡನೇ ಸಲ ಕೂರುವುದಿಲ್ಲ. ತಟ್ಟೆಯ ಬಿಸಿಯೂ ಬೇಗ ಆರುತ್ತದೆ. ಗಾಳಿ ನಡುದಾರಿಯ ಮೇಲೆ ಬೀಳುವಂತೆ ರೆಕ್ಕೆ ತಿರುಗಿಸಿದೆವು. ಅಡುಗೆಮನೆಯ ಎಕ್ಸಾಸ್ಟ್ ಹೊಗೆಯನ್ನು ಹೊರಗೆ ಎಳೆದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಬರಲು ದಾರಿ ಬಿಡದಿದ್ದರೆ ಹಾಲ್‌ನ ತಂಪು ಗಾಳಿಯನ್ನೆಲ್ಲ ಅದು ಕುಡಿದುಬಿಡುತ್ತದೆ, ಮುಂಬಾಗಿಲು ಎಳೆಯಲೂ ಬಾರದಷ್ಟು ಬಿಗಿಯಾಗುತ್ತದೆ. ಅದಕ್ಕೆ ಅಡುಗೆಮನೆಗೇ ಹೊರಗಿನಿಂದ ಗಾಳಿ ತರುವ ಇನ್ನೊಂದು ಫ್ಯಾನ್ ಹಾಕಿಸಿದೆ, ಎಕ್ಸಾಸ್ಟ್‌ಗಿಂತ ಸ್ವಲ್ಪ ಕಡಿಮೆ ಶಕ್ತಿಯದು. ಆ ಸ್ವಲ್ಪ ವ್ಯತ್ಯಾಸದಿಂದಲೇ ವಾಸನೆ ಹಾಲ್‌ಗೆ ಬರದೆ ಅಡುಗೆಮನೆ ಕಡೆಗೇ ಹೋಗುತ್ತದೆ.

ಬಣ್ಣದ ಬಗ್ಗೆ ನನ್ನ ಹತ್ತಿರ ದೊಡ್ಡ ಸಿದ್ಧಾಂತವೇನೂ ಇಲ್ಲ. ತೊಳೆಯಲು ಬರುವ ಪೇಂಟ್ ಇರಲಿ. ಕುರ್ಚಿ ಬೆನ್ನು ತಾಗುವ ಎತ್ತರಕ್ಕೆ ಮರದ ಪಟ್ಟಿ ಹೊಡೆಸಿ. ಚಾವಣಿ, ಪೈಪು, ವೈರು ಎಲ್ಲಕ್ಕೂ ಒಂದೇ ಗಾಢ ಬಣ್ಣ ಬಳಿಸಿದರೆ ಅವು ಕಣ್ಣಿಗೆ ಬೀಳುವುದಿಲ್ಲ, ಸುಳ್ಳು ಚಾವಣಿಯ ಖರ್ಚೂ ಉಳಿಯುತ್ತದೆ, ಎತ್ತರವೂ ಉಳಿಯುತ್ತದೆ. ನೆಲಕ್ಕೆ ನುಣುಪಿಲ್ಲದ ಟೈಲ್ಸ್, ಸಂದಿಗೆ ತುಂಬಲು ಗಾಢ ಬಣ್ಣದ ಎಪಾಕ್ಸಿ, ಅಂದರೆ ಗಟ್ಟಿಯಾಗುವ ರಾಳದ ಅಂಟು. ಗಿಡ ಬೇಕಿದ್ದರೆ ತೂಗು ಹಾಕಿ, ನೆಲದ ಮೇಲೆ ಇಟ್ಟರೆ ಒಂದು ಕುರ್ಚಿಯ ಜಾಗ ತಿನ್ನುತ್ತದೆ.

ಬಾಗಿಲು ತೆರೆಯುವ ಮುಂಚೆ ಕೆಲಸದವರೆಲ್ಲ ಸೇರಿ 27 ಜಾಗದಲ್ಲೂ ಒಂದೊಂದಾಗಿ ಕೂತು ಊಟ ಮಾಡಿದೆವು, ರಾತ್ರಿ ದೀಪದಲ್ಲಿ, ಎಸಿ ಮತ್ತು ಎಕ್ಸಾಸ್ಟ್ ಎರಡೂ ಓಡುತ್ತಿರುವಾಗ. ಕಿಟಕಿಯ ಸ್ಟೂಲುಗಳಿಗೆ ಕಾಲಿಡಲು ಕಂಬಿ ಬೇಕು ಅಂತ ಹೇಳಿದ್ದು ಅಡುಗೆಯವರು. ಮರುದಿನವೇ ಹಾಕಿಸಿದೆ. ಟೈಲ್ಸ್ ಒಂದು ಪೆಟ್ಟಿಗೆ, ದಿಂಬಿನ ರೆಕ್ಸಿನ್ ಎರಡು ಮೀಟರ್, ಒಂದೇ ಸಲ ತಂದ ಬಲ್ಬುಗಳಲ್ಲಿ ಐದಾರು, ಪೇಂಟಿನ ಡಬ್ಬದ ಮೇಲಿನ ನಂಬರು ಎಲ್ಲವೂ ಈಗ ಬೆಂಚಿನ ಕೆಳಗಿವೆ. ಆಮೇಲೆ ಅದೇ ಬಣ್ಣ, ಅದೇ ಬೆಳಕು ಹುಡುಕಿಕೊಂಡು ಹೋದರೆ ಸಿಗುವ ಭರವಸೆ ಇಲ್ಲ.